ಅಕ್ಕನ ಜೀನು

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಇನ್ನೂ ಮೇಜು ಒರೆಸಿರಲಿಲ್ಲ, ಭಾವ ಒಂದು ಜೀನನ್ನು ಹೊತ್ತುಕೊಂಡು ಒಳಗೆ ಬಂದರು. ಕುದುರೆ ಎಂದರೆ ಹತ್ತು ಮಾರು ದೂರ ನಿಲ್ಲುವ ಮನುಷ್ಯ ಅವರು. ಜೀನನ್ನು ಹಿಂದುಮುಂದಾಗಿ ಹಿಡಿದಿದ್ದರು, ಸವಾರ ಕಾಲಿಡುವ ರಿಕಾಪುಗಳು ಅವರ ಮೊಣಕಾಲಿಗೆ ಬಡಿಯುತ್ತಿದ್ದವು. ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು: "ಇದನ್ನ ಯಾರಿಗಾದ್ರೂ ಮಾರಿಬಿಡಬೇಕಂತೆ. ನಿಮ್ಮಕ್ಕ ಹೇಳಿ ಕಳಿಸಿದ್ದಾಳೆ."

ಅದು ನಾನು ಮಾಡಿದ ಜೀನು. ಮರದ ಚೌಕಟ್ಟಿನಿಂದ ಕೊನೆಯ ಹೊಲಿಗೆಯವರೆಗೆ ಬೇರೆ ಯಾರ ಕೈಯೂ ತಾಗದೆ ಆದ ನನ್ನ ಮೊದಲ ಜೀನು. ಇಪ್ಪತ್ತೆರಡು ವರ್ಷದ ಹಿಂದೆ ಅಕ್ಕನಿಗೆಂದೇ ಮಾಡಿ ಕೊಟ್ಟದ್ದು. ನನಗೆ ಸಿಟ್ಟು ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಮನೆಯಲ್ಲಿ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು. ಭಾವನ ಮೇಲೆ ಹರಿಹಾಯುವುದರಲ್ಲಿದ್ದೆ. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಎರಡು ದಿನದಿಂದ ಗಡ್ಡ ಮಾಡಿರಲಿಲ್ಲ.

ಕೂರಿಸಿ ಕೇಳಿದಾಗ ಒಂದೊಂದೇ ಹೊರಗೆ ಬಂತು. ಅಕ್ಕ ರೈಡಿಂಗ್ ಶಾಲೆಯಲ್ಲಿ ಸವಾರಿ ಕಲಿಸುತ್ತಾಳೆ. ಆರು ತಿಂಗಳಿಂದ ಅವಳಿಗೆ ಸೊಂಟನೋವು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಮೂಳೆಯಲ್ಲಿ ಏನೂ ಇಲ್ಲ ಎಂದರಂತೆ. ಇವಳು ನಂಬಲಿಲ್ಲ. ಅವಳ ಕುದುರೆ ದೊರೆಸಾನಿಯೂ ಈಚೆಗೆ ಕಿವಿ ಹಿಂದಕ್ಕೆ ಒತ್ತಿ, ಓಡು ಎಂದರೆ ಕಾಲೂರಿ ನಿಲ್ಲುತ್ತದಂತೆ. ಶಾಲೆಯ ಮಾಲೀಕ ಇದನ್ನೆಲ್ಲ ಕಂಡು, ಶುಕ್ರವಾರ ಬೆಳಿಗ್ಗೆ ತನ್ನೆದುರು ಸವಾರಿ ಮಾಡಿ ತೋರಿಸಬೇಕು, ಆಗದಿದ್ದರೆ ಸೋಮವಾರದಿಂದ ಆಫೀಸಿನಲ್ಲಿ ಕೂತು ಫೋನ್ ಎತ್ತಬೇಕು ಎಂದಿದ್ದಾನೆ. ಅಕ್ಕ ತೋರಿಸುವುದೇ ಬೇಡ ಎಂದು ತೀರ್ಮಾನಿಸಿದ್ದಾಳೆ. ಕುದುರೆ ಹತ್ತಿ ಹತ್ತು ದಿನವಾಯಿತು.

"ವಯಸ್ಸಾಯ್ತು, ಮುಗೀತು ಅಂತಾಳೆ," ಎಂದರು ಭಾವ. "ಆಮೇಲೆ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ನೀರಿನ ಸದ್ದಲ್ಲಿ ನಂಗೆ ಕೇಳ್ಸಲ್ಲ ಅಂದ್ಕೊಂಡಿದ್ದಾಳೆ."

ಅಕ್ಕನಿಗೆ ಐವತ್ತೆರಡು. ಹನ್ನೊಂದನೇ ವಯಸ್ಸಿನಿಂದ ಕುದುರೆಯ ಮೇಲಿದ್ದವಳು. ಅವಳು ಫೋನ್ ಎತ್ತಿ ಯಾವ ಬ್ಯಾಚ್ ಎಷ್ಟು ಗಂಟೆಗೆ ಎಂದು ಹೇಳುತ್ತ ಕೂರುವುದನ್ನು ನನಗೆ ಊಹಿಸಲೂ ಆಗಲಿಲ್ಲ.

ಭಾವ ಹೋದ ಮೇಲೆ ಜೀನನ್ನು ಅಂಗಡಿಯ ಕೆಲಸದ ಮರದ ಕುದುರೆಯ ಮೇಲೆ ಹೊಂದಿಸಿದೆ. ಮಾರುವ ಮಾತು ಎತ್ತಿದ್ದಾಳಲ್ಲ, ಮಾರುವ ಸಾಮಾನನ್ನು ನೋಡುವಂತೆಯೇ ನೋಡೋಣ ಎಂದುಕೊಂಡೆ. ಪ್ರತಿ ವರ್ಷವೂ ಅದು ನನ್ನ ಬಳಿ ಬರುತ್ತಿತ್ತು. ಆದರೆ ಬಂದಾಗಲೆಲ್ಲ ನಾನು ಅದನ್ನು ಬೋರಲು ಹಾಕಿ, ಅಡಿಯ ದಿಂಬುಗಳಿಗೆ ಉಣ್ಣೆ ತುಂಬಿ, ಮೇಲ್ಭಾಗವನ್ನು ಪ್ರೀತಿಯಿಂದ ಒಮ್ಮೆ ಸವರಿ ಕಳಿಸುತ್ತಿದ್ದೆ. ಸ್ವಂತ ಕೈಯ ಕೆಲಸವನ್ನು ಯಾರು ಅನುಮಾನದಿಂದ ನೋಡುತ್ತಾರೆ?

ಅರಿಯದವರಿಗೆ ಎಲ್ಲ ಜೀನೂ ಒಂದೇ. ಹಾಗಲ್ಲ. ಅಡ್ಡಗಂಬ ಹಾರಿಸುವವರು, ನಮ್ಮ ಮಾತಿನಲ್ಲಿ ಜಂಪಿಂಗಿನವರು, ರಿಕಾಪನ್ನು ಗಿಡ್ಡ ಮಾಡಿಕೊಳ್ಳುತ್ತಾರೆ. ಅವರ ಮೊಣಕಾಲು ಮಡಿಸಿ ಮುಂದಕ್ಕೆ ಬರುತ್ತದೆ, ಹಾರುವಾಗ ಸವಾರ ಜೀನಿನಿಂದ ಎದ್ದೇ ಇರುತ್ತಾನೆ. ಅದಕ್ಕೇ ಆ ಜೀನಿನ ಪಕ್ಕದ ಚರ್ಮವನ್ನು ಮುಂದಕ್ಕೆ ಉಬ್ಬಿಸಿ ಕತ್ತರಿಸಿ ಮೊಣಕಾಲಿಗೆ ದಿಂಬು ಕೊಡುತ್ತೇವೆ. ಕೂರುವ ಜಾಗ ಚಪ್ಪಟೆ. ಡ್ರೆಸಾಜ್ ಎಂದರೆ ಕುದುರೆಯನ್ನು ಹೆಜ್ಜೆಹೆಜ್ಜೆಗೂ ಹದವಾಗಿ ನಡೆಸುವ ಸವಾರಿ. ಅಲ್ಲಿ ಕಾಲು ನೀಳವಾಗಿ ಇಳಿಬಿದ್ದಿರಬೇಕು, ಸವಾರ ನಟ್ಟನಡುವೆ ಆಳವಾಗಿ ಕೂತಿರಬೇಕು, ಪಕ್ಕದ ಚರ್ಮ ನೆಟ್ಟಗೆ ಉದ್ದಕ್ಕೆ ಇಳಿಯಬೇಕು. ಎರಡಕ್ಕೂ ಆಗುತ್ತದೆಂದು ಮಾರುವ ನಡುವಿನ ಜೀನೂ ಒಂದಿದೆ. ಕಲಿಯುವವರಿಗೆ ಅಡ್ಡಿಯಿಲ್ಲ, ನನಗೆ ಮಾತ್ರ ಅದನ್ನು ಕಂಡರಾಗುವುದಿಲ್ಲ.

ಅಕ್ಕನದು ಅಪ್ಪಟ ಜಂಪಿಂಗ್ ಜೀನು. ಆದರೆ ಮೊಣಕಾಲ ದಿಂಬಿನ ಮೇಲೆ ಹೊಸದಾಗಿ ಉಜ್ಜಿದ ಗುರುತು ಒಂದೂ ಇರಲಿಲ್ಲ. ಹಳೆಯ ಗೀರುಗಳ ಮೇಲೆ ವರ್ಷಗಟ್ಟಲೆಯ ಪಾಲಿಶ್ ಕೂತು ಒಣಗಿತ್ತು. ರಿಕಾಪಿನ ಪಟ್ಟಿಯಲ್ಲಿ ಗಿಡ್ಡ ಅಳತೆಯ ತೂತುಗಳು ಮುಚ್ಚಿಕೊಂಡಿದ್ದವು, ಬಕಲ್ಲಿನ ಗುರುತು ಪಟ್ಟಿಯ ಕೊಟ್ಟಕೊನೆಯ ತೂತಿನಲ್ಲಿ. ಕೂರುವ ಜಾಗದ ಹಿಂಬದಿಯಂತೂ ಸವೆದು ಬಣ್ಣಗೆಟ್ಟಿತ್ತು. ಈ ಜೀನಿನ ಮೇಲೆ ಕೂತವರು ಎಷ್ಟೋ ವರ್ಷದಿಂದ ಒಂದು ಅಡ್ಡಗಂಬವನ್ನೂ ಹಾರಿರಲಿಲ್ಲ.

ಪ್ರತಿ ಭಾನುವಾರ ನಾವು ಫೋನಿನಲ್ಲಿ ಮಾತಾಡುತ್ತೇವೆ. ಪ್ರತಿ ಭಾನುವಾರ ನಾನು "ಜಂಪಿಂಗ್ ಹೇಗಾಯ್ತಕ್ಕಾ" ಎನ್ನುತ್ತೇನೆ, ಅವಳು "ಚೆನ್ನಾಗಾಯ್ತು ಕಣೇ, ನಿನ್ನ ಜೀನು ಇದೆಯಲ್ಲ" ಎನ್ನುತ್ತಾಳೆ.

ಕಾಲು ನೀಳವಾಗಿ ಬಿಟ್ಟು ಜಂಪಿಂಗ್ ಜೀನಿನಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕಾಲು ಮುಂದಕ್ಕೆ ಹೋಗುತ್ತದೆ, ಸವಾರ ಹಿಂದಕ್ಕೆ ಜಾರಿ ಕುರ್ಚಿಯಲ್ಲಿ ಕೂತಂತೆ ಕೂರುತ್ತಾನೆ, ಭಾರವೆಲ್ಲ ಕುದುರೆಯ ಬೆನ್ನಿನ ಹಿಂಭಾಗಕ್ಕೆ. ಸವಾರನಿಗೂ ಸೊಂಟ ಹಿಡಿಯುತ್ತದೆ, ಕುದುರೆಗೂ ಹಿಡಿಯುತ್ತದೆ. ಪ್ರತಿ ವರ್ಷ ಜೀನು ಬೋರಲು ಹಾಕಿದಾಗ ಹಿಂದಿನ ಉಣ್ಣೆ ಚಪ್ಪಟೆಯಾಗಿರುವುದನ್ನು ಕಂಡಿದ್ದೆ. ಕಂಡು ಏನು ಮಾಡಿದೆ? ಇನ್ನಷ್ಟು ಉಣ್ಣೆ ತುರುಕಿ, "ಅಕ್ಕಾ, ಊಟ ಸ್ವಲ್ಪ ಕಡಿಮೆ ಮಾಡು" ಎಂದು ನಕ್ಕಿದ್ದೆ. ಅವಳೂ ನಕ್ಕಿದ್ದಳು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ನನ್ನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿದೆ. ಕೆಲಸ ಕಲಿಸಿದ ಮುದುಕರಿಂದ ಬಂದದ್ದು. ಮೆತ್ತನೆಯ ಸೀಸದ ಪಟ್ಟಿಯನ್ನು ಕುದುರೆಯ ಬೆನ್ನಿಗೆ ಒತ್ತಿ, ಅದರ ಆಕಾರವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಅರ್ಧ ಕೆಲಸ. ಉಳಿದರ್ಧ, ಸವಾರ ಆ ಕುದುರೆಯ ಮೇಲೆ ಅರ್ಧ ಗಂಟೆ ಓಡಾಡುವುದನ್ನು ನಿಂತು ನೋಡುವುದು. ನೋಡದೆ ಸೂಜಿಗೆ ದಾರ ಪೋಣಿಸುವಂತಿಲ್ಲ. ಎಷ್ಟು ದೊಡ್ಡವರು ಬಂದು ಅವಸರ ಮಾಡಿದರೂ ನಾನು ಜಗ್ಗಿದವಳಲ್ಲ. ಅಕ್ಕನೊಬ್ಬಳನ್ನು ಬಿಟ್ಟು. ಅವಳ ಜೀನಿಗೆ ಅವಳೇ ಬರೆದು ಕಳಿಸಿದ ಕಾಗದ ಸಾಕಾಗಿತ್ತು.

ಕಾರಣ ಹೇಳಿಬಿಡುತ್ತೇನೆ. ನನಗೆ ಎಂಟು ವರ್ಷವಿದ್ದಾಗ, ಅಕ್ಕನಿಗೆ ಹದಿನಾಲ್ಕು, ಅವಳು ನನ್ನ ಕಣ್ಣೆದುರೇ ಕುದುರೆಯಿಂದ ಬಿದ್ದಳು. ಭುಜದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವತ್ತಿನಿಂದ ಅವಳು ಕುದುರೆ ಹತ್ತಿದರೆ ನಾನು ಕಣ್ಣು ಮುಚ್ಚುತ್ತೇನೆ, ಇಲ್ಲವೇ ಲಾಯದ ಹಿಂದೆ ಹೋಗಿ ಲಗಾಮು ಒರೆಸುತ್ತ ನಿಲ್ಲುತ್ತೇನೆ. ಚರ್ಮದ ಕೆಲಸದ ರುಚಿ ಹತ್ತಿದ್ದೇ ಹಾಗೆ. ಅವಳು ಇಳಿದು ಬಂದು ಪ್ರತಿ ಸಲವೂ ಕೇಳುತ್ತಾಳೆ, "ನೋಡಿದೆಯಾ?" ನಾನು ಪ್ರತಿ ಸಲವೂ "ಹೂಂ, ನೋಡಿದೆ" ಎನ್ನುತ್ತೇನೆ. ಮೂವತ್ತೆಂಟು ವರ್ಷದಿಂದ ನಡೆದುಕೊಂಡು ಬಂದಿರುವ ಸುಳ್ಳು ಅದು.

ಕಪಾಟಿನಲ್ಲಿ ಹಲ್ಲಿನ ಡಾಕ್ಟರೊಬ್ಬರು ಮಾಡಿಸಿದ ಹೊಸ ಡ್ರೆಸಾಜ್ ಜೀನು ಸಿದ್ಧವಾಗಿ ಕೂತಿತ್ತು. ಅವರ ಕುದುರೆಯ ಕಾಗದವನ್ನೂ ದೊರೆಸಾನಿಯ ಕಾಗದವನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದೆ. ಭುಜದ ಬಳಿ ಒಂದು ಬೆರಳಿನಷ್ಟು ವ್ಯತ್ಯಾಸ, ಉಳಿದದ್ದು ಒಂದೇ. ಡಾಕ್ಟರರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿ ಆ ಜೀನನ್ನು ಅಕ್ಕನಿಗೆ ಕೇಳಿದೆ. ನಾಲ್ಕು ತಿಂಗಳಿಂದ ಕಾಯುತ್ತಿದ್ದ ಮನುಷ್ಯ, ತಾನೂ ಜನರನ್ನು ಬಾಯಿ ತೆರೆಸಿ ಕಾಯಿಸುವವನೇ, ತಗೊಂಡು ಹೋಗಿ ಎಂದರು. ಗುರುವಾರವಿಡೀ ಅಡಿದಿಂಬು ಬಿಚ್ಚಿ ಉಣ್ಣೆ ತೆಗೆದು, ಹಾಕಿ, ಮತ್ತೆ ತೆಗೆದು ಸರಿಮಾಡಿದೆ.

ಶುಕ್ರವಾರ ಏಳಕ್ಕೆ ರೈಡಿಂಗ್ ಶಾಲೆಗೆ ಹೋದರೆ ಅಕ್ಕ ಲಾಯದಲ್ಲಿರಲಿಲ್ಲ. ಆಫೀಸಿನಲ್ಲಿದ್ದಳು. ತನ್ನ ಟೀ ಲೋಟವನ್ನು ಆಗಲೇ ಅಲ್ಲಿಗೆ ಸಾಗಿಸಿಕೊಂಡಿದ್ದಳು. ಫೋನಿನ ಪಕ್ಕದ ಡಬ್ಬಿಗೆ ಪೆನ್ನುಗಳನ್ನು ಜೋಡಿಸುತ್ತ, ಬರೆಯದವುಗಳನ್ನು ಬೇರೆ ಇಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ನನ್ನ ತೋಳಿನ ಮೇಲಿದ್ದ ಜೀನನ್ನು ನೋಡಿ ಮತ್ತೆ ಕೂತಳು.

"ಕೊನೇ ಸಲ ಯಾವಾಗ ಜಂಪ್ ಮಾಡಿದ್ದು?" ಎಂದೆ.

"ಹೋದ ತಿಂಗಳು ಹೇಳ್ಲಿಲ್ವಾ..."

"ಅಕ್ಕಾ, ನಿನ್ನ ಜೀನು ಎರಡು ದಿನದಿಂದ ನನ್ನ ಎದುರಿಗಿದೆ."

ಅವಳು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿದಳು, ತೆಗೆದು ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಹನ್ನೊಂದು ವರ್ಷ ಆಯ್ತು. ಹಾರೋದು ಸಾಕು ಅನ್ನಿಸ್ತು. ಸುಮ್ನೆ ಕುದುರೆ ಜೊತೆ ನಿಧಾನಕ್ಕೆ ನಡೆಯೋದೇ ನಂಗೆ ಖುಷಿ. ಆದ್ರೆ ನಿನ್ನ ಮೊದಲನೇ ಜೀನು. ಮೂಲೆಗಿಡ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಬೈಯಬೇಕೆಂದೇ ಹೋಗಿದ್ದೆ. ಎರಡು ದಿನದಿಂದ ಮಾತುಗಳನ್ನು ಮಸೆದಿಟ್ಟುಕೊಂಡಿದ್ದೆ. ಅವನ್ನೆಲ್ಲ ಬದಿಗಿಟ್ಟೆ. ತಪ್ಪು ಅವಳ ಸೊಂಟದ್ದಲ್ಲ, ಜೀನಿನದು ಎಂದೆ. ಜೀನಿನದೂ ಅಲ್ಲ, ನನ್ನದು ಎಂದೆ. ಹೊಟ್ಟೆಗೆ ಕಡಿಮೆ ತಿನ್ನು ಎಂದದ್ದನ್ನು ವಾಪಸ್ ತಗೊಂಡೆ ಎಂದೆ. ಅದಕ್ಕೆ ಅವಳು ನಗುತ್ತ ಅತ್ತಳು, ಇಲ್ಲ ಅಳುತ್ತ ನಕ್ಕಳು, ನನಗೆ ಗೊತ್ತಾಗಲಿಲ್ಲ. ಈ ಸಲ ನಲ್ಲಿ ಬಿಟ್ಟುಕೊಂಡಿರಲಿಲ್ಲ.

ಲಾಯದಲ್ಲಿ ದೊರೆಸಾನಿಯ ಬೆನ್ನುದ್ದಕ್ಕೂ ಬೆರಳು ಒತ್ತಿ ನೋಡಿದೆ. ಹತ್ತು ದಿನದ ವಿಶ್ರಾಂತಿಯಲ್ಲಿ ನೋವು ಇಳಿದಿತ್ತು, ಕುದುರೆ ಅಲುಗಲಿಲ್ಲ. ಜೀನಿಟ್ಟು, ಬೆನ್ನೆಲುಬಿಗೆ ತಾಗದಂತೆ ಅಡಿದಿಂಬುಗಳ ನಡುವೆ ಬಿಟ್ಟ ಓಣಿಯಲ್ಲಿ ಈಚೆಯಿಂದಾಚೆಗೆ ಬೆಳಕು ಕಾಣುವುದನ್ನು ಬಗ್ಗಿ ನೋಡಿ, ಹೊಟ್ಟೆಪಟ್ಟಿ ಬಿಗಿದೆ. ಅಕ್ಕ ಹತ್ತಿ ಕೂತಳು. ಅವಳ ಕಾಲು ತಾನಾಗಿಯೇ ನೆಟ್ಟಗೆ ಕೆಳಗಿಳಿದಿತ್ತು.

"ಇಷ್ಟು ಸುಲಭಾನಾ?" ಎಂದಳು.

ಮಾಲೀಕ ಅಂಗಳದ ಬೇಲಿಯ ಬಳಿ ಕೈಯಲ್ಲೊಂದು ಫೈಲು ಹಿಡಿದು ನಿಂತಿದ್ದ. ಅವನಿಗೆ ಹತ್ತು ಹೆಜ್ಜೆ ದೂರದಲ್ಲಿ ನಾನು ನಿಂತೆ. ಲಾಯದ ಹಿಂಭಾಗ ನನ್ನನ್ನು ಕೈಬೀಸಿ ಕರೆಯುತ್ತಿತ್ತು. ಒರೆಸುವುದಕ್ಕೆ ಲಗಾಮುಗಳು ಬೇಕಾದಷ್ಟಿದ್ದವು. ಬೇಲಿಯ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಕಣ್ಣು ಮುಚ್ಚಲಿಲ್ಲ.

ಮೊದಲು ನಡಿಗೆ. ದೊರೆಸಾನಿಯ ಕಿವಿಗಳು ಅರ್ಧ ಹಿಂದಕ್ಕಿದ್ದವು, ಪೆಟ್ಟಿಗೆ ಕಾಯುವವರ ಹಾಗೆ. ಒಂದು ಸುತ್ತು ಕಳೆಯಿತು, ಪೆಟ್ಟು ಬೀಳಲಿಲ್ಲ. ಎರಡನೇ ಸುತ್ತಿನಲ್ಲಿ ಒಂದು ಕಿವಿ ಮುಂದಕ್ಕೆ ಬಂತು. ಆಮೇಲೆ ಇನ್ನೊಂದು. ಅಕ್ಕ ನಡಿಗೆಯಿಂದ ಕುಕ್ಕುಲೋಟಕ್ಕೆ ಬದಲಾಯಿಸಿದಳು. ಕುದುರೆ ತಲೆ ತಗ್ಗಿಸಿ, ಮೂಗಿನಲ್ಲಿ ಉದ್ದಕ್ಕೆ ಉಸಿರು ಬಿಟ್ಟು, ಹಾಯಾಗಿ ಬೆನ್ನು ಎತ್ತಿತು. ಮೂಲೆಯಲ್ಲಿ ನಾಗಾಲೋಟದ ಸೂಚನೆ ಕೊಟ್ಟಳು. ಕಾಲೂರಿ ನಿಲ್ಲುತ್ತಿದ್ದ ಜಾಗ ಅದೇ ಎಂದು ಮಾಲೀಕನ ಮುಖ ನೋಡಿಯೇ ತಿಳಿಯಿತು. ದೊರೆಸಾನಿ ನಿಲ್ಲಲಿಲ್ಲ. ಎರಡೂ ಕಡೆಗೆ, ಮೂರು ಮೂರು ಸುತ್ತು. ಅಕ್ಕ ಆ ಬೆನ್ನಿನ ಮೇಲೆ ಅಲ್ಲೇ ಬೆಳೆದವಳ ಹಾಗೆ ಕೂತಿದ್ದಳು. ಇಷ್ಟು ಚೆಂದವಾಗಿ ಸವಾರಿ ಮಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಊರವರೆಲ್ಲ ಕಂಡದ್ದನ್ನು ಒಡಹುಟ್ಟಿದ ನಾನು ನಲವತ್ತಾರನೇ ವಯಸ್ಸಿನಲ್ಲಿ ಕಾಣುತ್ತಿದ್ದೆ. ಕೈ ಕಂಬಿಯನ್ನು ಯಾವಾಗ ಬಿಟ್ಟಿತೋ ತಿಳಿಯಲಿಲ್ಲ.

ಮಾಲೀಕ ಹೆಚ್ಚು ಮಾತಿನವನಲ್ಲ. ಫೈಲು ಮುಚ್ಚಿ, "ಸೋಮವಾರ ಆರೂವರೆ ಬ್ಯಾಚು ನಿಮ್ದೇ ಮೇಡಂ," ಎಂದು ಹೇಳಿ ಆಫೀಸಿನತ್ತ ಹೋದ. ಭಾವನಿಗೆ ಫೋನ್ ಮಾಡಿದೆ. ಸುದ್ದಿ ಕೇಳಿ ಅವರು ಗಟ್ಟಿಯಾಗಿ ಮೂಗೆಳೆದುಕೊಂಡರು.

ಅಕ್ಕ ಕುದುರೆಯನ್ನು ಬೇಲಿಯ ಬಳಿಗೆ ತಂದು ಇಳಿದಳು. ಸೊಂಟ ಹಿಡಿದುಕೊಳ್ಳಲಿಲ್ಲ. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ದೊರೆಸಾನಿ ನನ್ನ ಜೇಬನ್ನು ಮೂಸತೊಡಗಿತು. ಅಕ್ಕ ಹದಿನಾಲ್ಕರಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು, "ನೋಡಿದೆಯಾ?"

"ನೋಡಿದೆ."

ಅವಳು ಲಗಾಮನ್ನು ಕೈಗೆ ಸುತ್ತಿಕೊಳ್ಳುತ್ತ ನಕ್ಕಳು. ನನ್ನ ಹಳೆಯ "ನೋಡಿದೆ"ಗಳೆಲ್ಲ ಸುಳ್ಳೆಂದು ಅವಳಿಗೆ ಗೊತ್ತಿತ್ತೆಂದು, ಇಷ್ಟು ವರ್ಷವೂ ಗೊತ್ತಿತ್ತೆಂದು ಆ ನಗುವಿನಲ್ಲಿ ನನಗೆ ಹೊಳೆಯಿತು.

"ಮೂರನೇ ಸುತ್ತಲ್ಲಿ," ಎಂದೆ, "ನಿನ್ನ ಎಡಗೈ ಮೇಲಕ್ಕೆ ಹೋಗಿತ್ತು. ಬೇಲಿ ಬಾಗಿಲ ಹತ್ರ ತಿರುಗುವಾಗ."

ಅಕ್ಕನ ನಗು ನಿಂತಿತು. ಕುದುರೆಯನ್ನು ಬಿಟ್ಟು ಬೇಲಿಯ ಮೇಲಿಂದಲೇ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು.