ಗೋಡೆಯಲ್ಲಿ ಒಣಗದ ಜಾಗ

ಬೇಸಿಗೆ ನೆತ್ತಿಗೇರಿದ ದಿನಗಳು. ಹೊಸದಾಗಿ ಮಣ್ಣು ಮೆತ್ತಿದ ನಮ್ಮ ಅಡುಗೆಮನೆಯ ಗೋಡೆ ಮೇಲಿನಿಂದ ಕೆಳಕ್ಕೆ ಒಣಗುತ್ತ ಬಂದು ಬೂದಿಬಣ್ಣಕ್ಕೆ ತಿರುಗಿತ್ತು. ಸೊಂಟದೆತ್ತರದಲ್ಲಿ ಒಂದು ಜಾಗ ಮಾತ್ರ, ಊಟದ ತಟ್ಟೆಯಷ್ಟು ಅಗಲಕ್ಕೆ, ದುಂಡಗೆ ಕಪ್ಪಾಗಿಯೇ ಉಳಿದಿತ್ತು. ಬೆಳಿಗ್ಗೆ ಎದ್ದವನೇ ನಾನು ಅಲ್ಲಿ ಅಂಗೈ ಇಟ್ಟು ನೋಡುತ್ತಿದ್ದೆ. ತಣ್ಣಗಿರುತ್ತಿತ್ತು. ಇನ್ನೆರಡು ದಿನ ಬಿಸಿಲು ಕಾಯ್ದರೆ ಆರುತ್ತದೆ ಎಂದುಕೊಂಡು ಉಳಿದ ಕೆಲಸಕ್ಕೆ ಇಳಿಯುತ್ತಿದ್ದೆ.

ಅದು ನಾವು ಕೊಂಡ ಮೊದಲ ಮನೆ. ನನಗೆ ಆ ಊರಿನ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರಿಕೆ. ನಮ್ಮದು ತೀರ ದೂರದ ಸೀಮೆ. ಅಲ್ಲಿಯ ಮಾತೇ ಬೇರೆ, ಇಲ್ಲಿಯ ಮಾತೇ ಬೇರೆ. ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿ ಒಂದು ಮೊಳೆ ಹೊಡೆಯಲೂ ಪರರ ಅಪ್ಪಣೆ ಕೇಳಿದ ನನಗೆ, ಸ್ವಂತ ಗೋಡೆ ಎಂಬುದು ಸಿಕ್ಕಮೇಲೆ ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಮಾಳಿಗೆ ಸೋರುವ ಜಾಗ, ಕೀಲು ಸಡಿಲವಾದ ಬಾಗಿಲು, ಎದ್ದುಹೋದ ಬಚ್ಚಲ ಕಲ್ಲು, ಉದುರುತ್ತಿದ್ದ ಅಡುಗೆಮನೆಯ ಗೋಡೆ, ಎಲ್ಲವನ್ನೂ ಪಟ್ಟಿ ಮಾಡಿ ಶಾಲೆಗೆ ರಜೆ ಸಿಕ್ಕ ದಿನವೇ ಲುಂಗಿ ಮೇಲಕ್ಕೆ ಕಟ್ಟಿದೆ.

"ನಿಮಗೆ ಬರುತ್ತಾ ಇದೆಲ್ಲ?" ಎಂದು ನನ್ನ ಹೆಂಡತಿ ಇಂದುಮತಿ ಕೇಳಿದಳು.

"ಬಣ್ಣ ಹಚ್ಚೋಕೆ ಬರೋನಿಗೆ ಮಣ್ಣು ಹಚ್ಚೋಕೆ ಬರಲ್ವಾ?"

ಬರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಮೆತ್ತಿದ ಹಿತ್ತಿಲ ಗೋಡೆಯ ಮಣ್ಣು, ನಾನು ಊಟಕ್ಕೆ ಕೂತಾಗ ಕಂಬಳಿಯ ಹಾಗೆ ಒಂದೇ ಸಮ ಕಳಚಿ ನೆಲಕ್ಕೆ ಬಿತ್ತು. ಆ ಸದ್ದಿನ ಹಿಂದೆಯೇ ಹಿತ್ತಿಲ ಗಿಡ್ಡ ಗೋಡೆಯ ಆಚೆಯಿಂದ ಒಂದು ನಗು ಕೇಳಿಸಿತು.

"ಮಾಸ್ತರ, ಗ್ವಾಡಿಗೆ ಮದಲ ನೀರು ಕುಡಸ್ರಿ. ಬಾಯಿ ಒಣಗಿದವರಿಗೆ ರೊಟ್ಟಿ ತುರುಕಿದ್ರ ಇಳೀತೈತೇನು?"

ಹಾಗೆ ಪರಿಚಯವಾದವಳು ಫಕೀರವ್ವ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಎರಡು ಮೊಳ ದಪ್ಪದ್ದು. ಅರವತ್ತು ದಾಟಿದ ಒಂಟಿ ಹೆಂಗಸು. ಪ್ರಾಯದಲ್ಲಿ ಊರ ಮನೆಗಳ ಗೋಡೆಗಳಿಗೆಲ್ಲ ಮಣ್ಣು ಮೆತ್ತಿದವಳಂತೆ. ಅವಳ ಅಂಗೈಯ ಗೆರೆಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಮಣ್ಣಿಗೆ ಹೊಟ್ಟು ಬೆರೆಸಿ ಐದು ದಿನ ಕೊಳೆಹಾಕಬೇಕು, ನಾತ ಹೊಡೆಯುವ ತನಕ ತುಳಿಯಬೇಕು, ಉಂಡೆ ಮಾಡಿ ಗೋಡೆಗೆ ಬೀಸಿ ಹೊಡೆಯಬೇಕು, ಆಮೇಲೆ ಅಂಗೈಯ ಬುಡದಿಂದ ಎಳೆಯಬೇಕು, ಬೆರಳಿನಿಂದಲ್ಲ. ಇದನ್ನೆಲ್ಲ ಅವಳು ಹೇಳಿಕೊಟ್ಟದ್ದು ಗಿಡ್ಡ ಗೋಡೆಯ ಆಚೆ ನಿಂತೇ. ಒಮ್ಮೊಮ್ಮೆ ನಮ್ಮ ಹಿತ್ತಿಲ ಬಾಗಿಲ ತನಕ ಬರುತ್ತಿದ್ದಳು. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

"ಒಳಗೆ ಬನ್ನಿ ಅಮ್ಮ" ಎಂದು ಇಂದುಮತಿ ಕರೆದರೆ, "ಇಲ್ಲೇ ಚೊಲೋ ಗಾಳಿ ಐತವ್ವ" ಎನ್ನುತ್ತಿದ್ದಳು. ಯಾಕೆ ದಾಟುವುದಿಲ್ಲವೆಂದು ನಾವು ಕೇಳಲಿಲ್ಲ. ಹಳೆಯ ಮನೆಯವರ ಕಾಲದಿಂದ ಬಂದ ಅಭ್ಯಾಸ ಎಂದು ಗೊತ್ತಾಗುವಷ್ಟು ಬುದ್ಧಿ ನಮಗೂ ಇತ್ತು. ಕೈ ಹಿಡಿದು ಕರೆತರುವಷ್ಟು ಇರಲಿಲ್ಲ.

ನಮ್ಮ ಮನೆಯ ಮೊದಲ ಮೊಸರು ಅವಳು ಕೊಟ್ಟ ಹೆಪ್ಪಿನಿಂದ ಆದದ್ದು. ಇಂದುಮತಿ ಲೋಟ ಹಿಡಿದು ಹಿತ್ತಿಲಲ್ಲಿ ನಿಂತಾಗ ಫಕೀರವ್ವ ತನ್ನ ಹಿತ್ತಾಳೆ ಬಟ್ಟಲಿನಿಂದ ಒಂದು ಚಮಚ ಮೊಸರು ಬಿಟ್ಟು, "ಇದರ ಋಣಾ ಇಟ್ಕೋಬ್ಯಾಡ್ರಿ. ನಮ್ಮನ್ಯಾಗ ಮೊಸರು ಕೆಟ್ಟ ದಿನ ನಾ ಕೇಳತೀನಿ, ನೀವು ಕೊಡ್ರಿ, ಆತು" ಎಂದಿದ್ದಳು. ಮಣ್ಣಿನ ಪಾಠಕ್ಕೆ ಏನು ಕೊಡಲಿ ಎಂದು ನಾನು ಕೇಳಿದ್ದಕ್ಕೂ ಅದೇ ಉತ್ತರ. "ಹೆಪ್ಪು ಕೊಡ್ರಿ, ಕೇಳಿದಾಗ."

ಎರಡೂ ಮನೆಗಳ ನಡುವಿನ ಆ ಅಡುಗೆಮನೆಯ ಗೋಡೆಯ ಸರದಿ ಕೊನೆಗೆ ಬಂತು. ಹಳೆಯ ಮನೆಯವರು ಬಿಟ್ಟುಹೋದ ಜೋಳದ ಪೆಟ್ಟಿಗೆಯೊಂದು ಆ ಗೋಡೆಗೆ ಒತ್ತಿ ಕೂತಿತ್ತು. ನಾನೂ ಇಂದುಮತಿಯೂ ಸೇರಿ ಅದನ್ನು ಸರಿಸಿದಾಗ ಹಿಂದೆ ಒಂದು ತೂತು ಕಂಡಿತು. ಊಟದ ತಟ್ಟೆಯಷ್ಟು ಅಗಲದ್ದು. ಒಳಗಡೆ ಎಲ್ಲೋ ಹಳೆ ಬಟ್ಟೆಯ ಗಂಟು ಸಿಕ್ಕಿಸಿದಂತಿತ್ತು. ಇಲಿ ಕೊರೆದದ್ದಕ್ಕೆ ಬಟ್ಟೆ ತುರುಕಿದ್ದಾರೆ ಎಂದು ನಾನು ಅಂದೆ. ಅಂಚು ನುಣುಪಾಗಿ, ದುಂಡಗೆ, ಎಷ್ಟೋ ಕೈಗಳು ಸವರಿದ ಹಾಗೆ ಇತ್ತು ಎಂಬುದು ನನ್ನ ಕಣ್ಣಿಗೆ ಬಿತ್ತು. ಚಿತ್ರ ಬರೆಯುವವನ ಕಣ್ಣು, ಬೀಳದೆ ಇರುತ್ತದೆಯೇ? ಆದರೆ ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಸಪಾಟಾದ ಗೋಡೆ.

ಫಕೀರವ್ವ ಎಲೆ ಅಡಿಕೆ ಮೆಲ್ಲುತ್ತ ಹಿತ್ತಿಲ ಬಾಗಿಲಿಗೆ ಬಂದಳು. ಅಲ್ಲಿಂದಲೇ ಒಳಗೆ ಇಣುಕಿ, ಪೆಟ್ಟಿಗೆ ಸರಿದದ್ದನ್ನು ನೋಡಿ ಮುಖ ಅರಳಿಸಿಕೊಂಡು ಏನೋ ಅಂದಳು. ಬಾಯಲ್ಲಿ ಎಲೆ ತುಂಬಿತ್ತು. "ಗ್ವಾಡಿ ಎಲ್ಲಾ ಮೆತ್ರಿ ಮಾಸ್ತರ, ಮಾಡಿಬಿಡ್ರಿ" ಎಂದು ನನ್ನ ಕಿವಿಗೆ ಬಿತ್ತು.

"ಆಯ್ತಮ್ಮ, ಇವತ್ತೇ" ಎಂದೆ.

ಅವಳು ತಲೆಯಾಡಿಸಿ ಹೋದಳು. ನಾನು ನಾಲ್ಕು ದೊಡ್ಡ ಉಂಡೆ ಮಣ್ಣನ್ನು ಆ ತೂತಿಗೆ ಬೀಸಿ ತುಂಬಿ, ಮೊಣಕೈಯಿಂದ ಒತ್ತಿ, ಅಂಗೈಯ ಬುಡದಿಂದ ಎಳೆದೆ. ಅವಳು ಕಲಿಸಿದ ಹಾಗೆಯೇ. ಅಷ್ಟು ಚೆನ್ನಾಗಿ ನಾನು ಬೇರೆ ಯಾವ ಜಾಗವನ್ನೂ ಮೆತ್ತಿರಲಿಲ್ಲ.

ಮರುದಿನದಿಂದ ಫಕೀರವ್ವ ನಮ್ಮ ಕಡೆ ಬರಲಿಲ್ಲ. ಹಿತ್ತಿಲಲ್ಲಿ ಕಂಡರೂ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅವಳ ಪಾಠಕ್ಕೆ ನಾವು ಬರಿಗೈ ತೋರಿಸಿದೆವೆಂದು ಬೇಸರವಿರಬೇಕು ಎಂದುಕೊಂಡು ಇಂದುಮತಿ ಒಂದು ಸೀರೆ ತಂದು ಕೊಡಲು ಹೋದಳು. ಫಕೀರವ್ವ ಸೀರೆಯನ್ನು ಮುಟ್ಟಲೂ ಇಲ್ಲವಂತೆ.

"ನಿಮ್ಮ ಮನಿ ಹೊಸಾದಾತವ್ವ. ನಿಮ್ಮ ಗ್ವಾಡಿ ನಿಮಗ, ನಮ್ಮ ಗ್ವಾಡಿ ನಮಗ. ನನಗೇನ ಸಿಟ್ಟಿಲ್ಲ" ಎಂದಳಂತೆ.

"ಗೋಡೆ ಒಂದೇ ಅಲ್ವಾ ಇರೋದು?" ಎಂದು ಇಂದುಮತಿ ನನ್ನನ್ನು ಕೇಳಿದಳು. ನನಗೂ ಅರ್ಥವಾಗಲಿಲ್ಲ. ವಯಸ್ಸಾದವರ ಮುನಿಸು, ತಾನಾಗಿಯೇ ಇಳಿಯುತ್ತದೆ ಎಂದೆ.

ಮೂರು ವಾರ ಕಳೆದಿರಬಹುದು. ಒಂದು ಭಾನುವಾರ ಊಟ ಮುಗಿಸಿ ನಾನು ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದೆ. ಅಡುಗೆಮನೆಯ ಗೋಡೆಯ ಒಳಗಿನಿಂದ ಬಂದಂತೆ ಟಕ್, ಟಕ್, ಟಕ್ ಎಂಬ ಸದ್ದು. ನಿಂತು, ಮತ್ತೆ ಮೂರು ಸಲ.

"ಏನದು?"

"ಬೆಳ್ಳುಳ್ಳಿ ಜಜ್ತಿದಾರೆ ಅನ್ಸುತ್ತೆ" ಎಂದಳು ಇಂದುಮತಿ.

"ಇಷ್ಟು ಹೊತ್ತಾ?"

"ಉಪ್ಪಿನಕಾಯಿ ಕಾಲ ಅಲ್ವಾ."

ನಾನು ನಕ್ಕೆ. "ಇಲ್ಲ, ನಮ್ಮನ್ನ ನೋಡಿ ಅವರೂ ಮನೆ ರಿಪೇರಿಗೆ ಇಳಿದಿರಬೇಕು" ಎಂದೆ. ಕಿಟಕಿಯ ಎರಡನೆಯ ಕೈ ಬಣ್ಣ ಮುಗಿಯುವ ಹೊತ್ತಿಗೆ ಸದ್ದಿನ ನಡುವಿನ ಬಿಡುವು ಉದ್ದವಾಗುತ್ತ ಬಂತು. ದೀಪ ಹಚ್ಚುವ ಮೊದಲೇ ನಿಂತಿತು.

ಮರುದಿನ ಬೆಳಿಗ್ಗೆ ಹಾಲಿನವಳು ಕೂಗಿ ಕೂಗಿ ಕದ ನೂಕಿದಳು. ಫಕೀರವ್ವ ಅಡುಗೆಮನೆಯಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಎಡಗೈ, ಎಡಗಾಲು, ಬಾಯಿ ಬಿದ್ದುಹೋಗಿದ್ದವು. ಕಣ್ಣು ತೆರೆದಿದ್ದವು. ಅವಳ ತಂಗಿಯ ಮಗಳು ದುರುಗವ್ವ ಹತ್ತಿರದ ಹಳ್ಳಿಯಿಂದ ಗಾಡಿ ತಂದಳು. ಎತ್ತಿ ಮಲಗಿಸುವಾಗ ನಾನು ಕಾಲು ಹಿಡಿದುಕೊಂಡೆ. ಫಕೀರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಗುಳವಿಲ್ಲದ ನೋಟ. ಅಪರಿಚಿತರನ್ನು ನೋಡುವ ಹಾಗೆ.

ಹದಿನೈದು ದಿನಕ್ಕೆ ಅವಳು ದುರುಗವ್ವನ ಮನೆಯಲ್ಲಿಯೇ ತೀರಿಕೊಂಡಳೆಂದು ತಿಳಿಯಿತು.

ಮನೆ ಖಾಲಿ ಮಾಡಲು ದುರುಗವ್ವ ಬಂದ ದಿನ ನಾನು ಪಾತ್ರೆ ಹೊರಲು ಕೈಜೋಡಿಸಿದೆ. ಫಕೀರವ್ವನ ಅಡುಗೆಮನೆಗೆ ನಾನು ಕಾಲಿಟ್ಟದ್ದು ಎರಡನೆಯ ಸಲ. ಮೊದಲ ಸಲ ಏನನ್ನೂ ನೋಡಿರಲಿಲ್ಲ. ಈಗ ಕಂಡಿತು: ಸೊಂಟದೆತ್ತರದಲ್ಲಿ ದುಂಡಗಿನ ಗೂಡು, ಅದರ ತುಟಿಗೆ ಬಳಿದ ಕೆಮ್ಮಣ್ಣು, ಒಳಗೆ ಗೋಡೆಯ ನಡುಮಧ್ಯದಲ್ಲಿ ನಾನು ತುಂಬಿದ ಮಣ್ಣು. ನನ್ನ ಉಂಡೆಗಳ ಬೆನ್ನು.

"ಈ ಮಾಡಾ ನೀವ ಮುಚ್ಚಿದ್ರೇನ್ರಿ?" ದುರುಗವ್ವ ಕೇಳಿದಳು.

"ಮಾಡಾ ಅಂದ್ರೆ?"

"ಮಾಡಾ ಅಂದ್ರ ಮಾಡಾರಿ. ಗ್ವಾಡ್ಯಾಗಿನ ಗೂಡು." ಅವಳು ಕೈಯಿಂದ ತೋರಿಸಿದಳು. "ನಿಮ್ಮ ಮನ್ಯಾಗ ಮದಲಿದ್ದ ಅಜ್ಜಿ, ನಮ್ಮ ದೊಡ್ಡವ್ವ, ಇಬ್ಬರೂ ನಲವತ್ತ ವರ್ಷ ಇದರಾಗ ಹೆಪ್ಪು ಕೊಟ್ಟು ತಗೊಂಡು ಮಾಡಿದ್ರು. ಒಬ್ಬರ ಹೊಸ್ತಲಾ ಒಬ್ಬರು ತುಳೀಲಿಲ್ಲ. ಇಲ್ಲಿ ಕೆಮ್ಮಿದ್ರ ಅಲ್ಲಿ ಕೇಳತಿತ್ತು. ಅಜ್ಜಿ ಹೋದಮ್ಯಾಲ ಅವರ ಮನಿಯವರು ಬಟ್ಟಿ ತುರುಕಿ ಪೆಟ್ಟಿಗಿ ಒತ್ತಿಟ್ರು. ನಮ್ಮಲ್ಲಿ ಮಲಗಿದಾಗ ದೊಡ್ಡವ್ವ ತೊದಲಿ ತೊದಲಿ ಅದನ್ನ ಹೇಳಾಕಿ. ಗ್ವಾಡಿ ಎಲ್ಲಾ ಮೆತ್ರಿ, ಮಾಡಾ ಬಿಡ್ರಿ ಅಂತ ಬಾಯಿಬಿಟ್ಟು ಹೇಳಿದ್ದೆ, ಆಯ್ತು ಅಂದ್ರು, ಈ ಕಡಿಂದ ಬಟ್ಟಿ ಕಿತ್ತು ನೋಡಿದ್ರ ಮಣ್ಣು ತುಂಬಿತ್ತು ಅಂತ."

"ನನಗೆ ಮಾಡಿಬಿಡ್ರಿ ಅಂದ ಹಾಗೆ ಕೇಳಿಸಿತಮ್ಮ" ಎಂದೆ.

ದುರುಗವ್ವ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಗುವೂ ಅಳುವೂ ಅಲ್ಲದ ಏನೋ ಬಂದು ಹೋಯಿತು.

"ಅಕಿಗೆ ಹೇಳಬೇಕಿತ್ರಿ ಅದನ್ನ" ಎಂದಳು. ಹೇಳಿ, ಹಿತ್ತಾಳೆಯ ಬಟ್ಟಲೊಂದನ್ನು ನೆಲದಿಂದ ಎತ್ತಿ ಚೀಲಕ್ಕೆ ಹಾಕಲು ಹೋಗಿ, ಅದರ ಬಾಯಿ ಚಪ್ಪಟೆಯಾಗಿದ್ದದ್ದನ್ನು ಕಂಡು, "ಇದೇನ ಹಿಂಗ ನೆಗ್ಗೇತಿ" ಎಂದು ಪಕ್ಕಕ್ಕಿಟ್ಟಳು. ಗೂಡಿನ ಕೆಳಗೆ, ನೆಲಕ್ಕೆ ಒಂದು ಗೇಣಿನಷ್ಟು ಮೇಲೆ, ಗೋಡೆಯಲ್ಲಿ ಉಗುರಿನ ಗುರುತಿನ ಹಾಗೆ ಅರ್ಧಚಂದ್ರದ ಸಣ್ಣ ಸಣ್ಣ ಕಚ್ಚುಗಳಿದ್ದವು. ಆ ಭಾನುವಾರ ಟಕ್, ಟಕ್ ಎಂದದ್ದು ಆ ಬಟ್ಟಲೇ. ಕಚ್ಚುಗಳನ್ನು ನಾನು ಎಣಿಸಲಿಲ್ಲ.

ಆ ಬಟ್ಟಲನ್ನು ದುರುಗವ್ವನಿಂದ ಕೇಳಿ ತಂದೆ. ಇಂದುಮತಿಗೆ ಎಲ್ಲವನ್ನೂ ಹೇಳಿದೆ. ಅವಳು ಒಳಗಿನಿಂದ ಉಳಿ ತಂದು ನನ್ನ ಕೈಗಿತ್ತಳು. ಗೋಡೆಯ ಮೇಲ್ಮೈ ಆ ಹೊತ್ತಿಗೆ ಒಣಗಿ ಉಳಿದ ಗೋಡೆಯ ಬಣ್ಣಕ್ಕೇ ತಿರುಗಿತ್ತು. ಹೊಸಬರಿಗೆ ಅಲ್ಲೊಂದು ಗೂಡಿತ್ತೆಂದು ತಿಳಿಯುವಂತಿರಲಿಲ್ಲ. ಎರಡು ಬೆರಳು ಆಳ ಅಗೆದಮೇಲೆ ಮಣ್ಣು ಇನ್ನೂ ಹಸಿಯಾಗಿತ್ತು. ಹೊಟ್ಟಿನ ನಾತ ಬಂತು. ಕೊನೆಯ ಹೆಂಟೆ ಆಚೆ ಬೀಳುವ ತನಕ ನಾನು ಕೈಯಿಂದಲೇ ತೆಗೆದೆ.

ಸಂಜೆ ಇಂದುಮತಿ ಹಾಲು ಕಾಯಿಸಿ ಆ ನೆಗ್ಗಿದ ಬಟ್ಟಲಿಗೆ ಸುರಿದು, ನಮ್ಮ ಮೊಸರಿನಿಂದ ಒಂದು ಚಮಚ ಹೆಪ್ಪು ಹಾಕಿ ಗೂಡಿನಲ್ಲಿಟ್ಟಳು. ಅದು ಫಕೀರವ್ವ ಕೊಟ್ಟ ಹೆಪ್ಪಿನದೇ ಮೊಸರು. ದಿನದಿಂದ ದಿನಕ್ಕೆ, ಒಂದರಿಂದ ಒಂದು, ಅದೇ ನಡೆದುಬಂದಿತ್ತು. ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಜಾಗವನ್ನು ನಾನು ಮುಚ್ಚಿದ್ದೆ.

ಬೆಳಿಗ್ಗೆ ಎದ್ದು ನೋಡಿದೆ. ಮೊಸರು ಗಟ್ಟಿಯಾಗಿ ಕೂತಿತ್ತು. ಬಟ್ಟಲು ಇಟ್ಟಲ್ಲಿಯೇ ಇತ್ತು. ಆಚೆಯ ಖಾಲಿ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಗೂಡಿನ ಮೂಲಕ ಹಾದು ನಮ್ಮ ಅಡುಗೆಮನೆಯ ನೆಲದ ಮೇಲೆ, ಊಟದ ತಟ್ಟೆಯಷ್ಟು ಅಗಲಕ್ಕೆ, ದುಂಡಗೆ ಬಿದ್ದಿತ್ತು. ಅದರ ನಡುವೆ ಬಟ್ಟಲಿನ ನೆರಳು.