ಸೆಯ್ಫೆತ್ತಿನ್ ಉಸ್ತಾ ಓಡಿಸಿದ ಮರದ ಇಂಜಿನು

ಎಸ್ಕಿಶೆಹಿರ್ ಊರಿನ ರೈಲ್ವೆ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಗೆರೆ ಎಳೆದಿದ್ದೇನೆ. ಒಂದೇ ಇಂಜಿನಿನ ಮೂತಿಯನ್ನು ಏಳು ಸಲ ಬರೆದು ಏಳು ಸಲ ಅಳಿಸಿದವಳು ಆ ವಿಭಾಗದಲ್ಲಿ ನಾನೊಬ್ಬಳೇ. ಅದಕ್ಕೆ ಕಾರಣ ಸೆಯ್ಫೆತ್ತಿನ್ ಉಸ್ತಾ. ನಮ್ಮ ಕಡೆ ನುರಿತ ಕೆಲಸಗಾರನನ್ನು ಉಸ್ತಾ ಎಂದು ಕರೆಯುತ್ತಾರೆ.

ಅದು ೧೯೬೯ರ ಚಳಿಗಾಲ. ಕಲ್ಲಿದ್ದಲಿನ ಇಂಜಿನುಗಳ ಕಾಲ ಮುಗಿಯುತ್ತ ಬಂದಿತ್ತು. ನಮ್ಮದೇ ನಕ್ಷೆಯ ಡೀಸೆಲ್ ಇಂಜಿನು ತಯಾರಾಗಬೇಕೆಂದು ರಾಜಧಾನಿ ಅಂಕಾರಾದಿಂದ ಅಪ್ಪಣೆಯಾಗಿತ್ತು. ನಮ್ಮ ಮುಖ್ಯಸ್ಥರಾದ ತುಂಜೆರ್ ಬೇ (ಬೇ ಎಂದರೆ ಸಾಹೇಬರು) ಜರ್ಮನಿಯಲ್ಲಿ ಓದಿ ಬಂದ ಎಂಜಿನಿಯರು. ಪೆನ್ಸಿಲನ್ನು ಕೂಡ ಅಳತೆ ನೋಡಿ ಚೂಪು ಮಾಡುವ ಮನುಷ್ಯ. ಕಬ್ಬಿಣಕ್ಕೆ ಕೈಹಾಕುವ ಮೊದಲು ಮರದಲ್ಲೊಂದು ಇಂಜಿನು ಕಟ್ಟಬೇಕು, ಅದರಲ್ಲಿ ನಿಜವಾದ ಡ್ರೈವರನ್ನು ಕೂರಿಸಿ ಅವನ ಕೈಗೆ ಏನು ಎಟುಕುತ್ತದೆ, ಕಣ್ಣಿಗೆ ಏನು ಕಾಣುತ್ತದೆ ಎಂದು ನೋಡಬೇಕು ಎಂದರು. ಬಡಗಿಗಳು ಮೂರು ವಾರದಲ್ಲಿ ಹಳೆಯ ಶೆಡ್ಡೊಂದರಲ್ಲಿ ಪ್ಲೈವುಡ್ಡಿನ ಇಂಜಿನು ನಿಲ್ಲಿಸಿದರು. ಡ್ರೈವರನ ಕೋಣೆ, ಅದರ ಮುಂದೆ ಉದ್ದನೆಯ ಮೂತಿ, ಮರದ ಹಿಡಿಗಳು, ಬಣ್ಣದಲ್ಲಿ ಮುಳ್ಳು ಬರೆದ ಮೀಟರುಗಳು, ಎಲ್ಲ ಇದ್ದವು. ಚಕ್ರಗಳಿರಲಿಲ್ಲ. ನಾಲ್ಕು ದಿಮ್ಮಿಗಳ ಮೇಲೆ ಅದು ಕೋಳಿ ಕಾವು ಕೂತಂತೆ ಕೂತಿತ್ತು.

ಒಬ್ಬ ಸಾಧಾರಣ ಡ್ರೈವರನ್ನು ಎರಡು ವಾರದ ಮಟ್ಟಿಗೆ ಕಳಿಸಿಕೊಡಿ ಎಂದು ಲೋಕೋ ಶೆಡ್ಡಿಗೆ ಪತ್ರ ಹೋಯಿತು. ಅಲ್ಲಿಯ ಅಧಿಕಾರಿ, ಎರಡು ವಾರ ಯಾರ ಮುಖ ಕಾಣದಿದ್ದರೆ ತನಗೆ ನೆಮ್ಮದಿಯೋ ಅವರನ್ನೇ ಕಳಿಸಿದ.

ಸೆಯ್ಫೆತ್ತಿನ್ ಉಸ್ತಾ ಇಪ್ಪತ್ತೇಳು ವರ್ಷ ಕಲ್ಲಿದ್ದಲಿನ ಇಂಜಿನು ಓಡಿಸಿದವರು. ಪೊದೆಯಂಥ ಹುಬ್ಬು. ಎದೆಯ ಜೇಬಿನಲ್ಲಿ ಸದಾ ರೈಲ್ವೆಯ ನಿಯಮಗಳ ಪುಸ್ತಕ. ಮೊದಲ ದಿನ ಊಟದ ಡಬ್ಬಿ, ಎಣ್ಣೆ ಬಟ್ಟೆ, ಸುತ್ತಿಗೆ ಎಲ್ಲ ಹಿಡಿದೇ ಬಂದರು. ಇಂಜಿನನ್ನು ಒಂದು ಸುತ್ತು ಬಂದು ತುಂಜೆರ್ ಬೇ ಅವರ ಎದುರು ನಿಂತರು.

"ಚಕ್ರ ಎಲ್ರೀ?"

"ಇದು ಮಾದರಿ ಉಸ್ತಾ. ಓಡೋದಿಲ್ಲ."

"ಓಡದೇ ಇರೋ ಇಂಜಿನು ನಮ್ಮ ಶೆಡ್ಡಲ್ಲೇ ಒಂಬತ್ತು ಬಿದ್ದಿವೆ. ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?"

"ಓಡಿಸೋ ಹಾಗೆ ಸುಮ್ನೆ ಕೂತ್ಕೊಳ್ಳಿ. ಏನು ತೊಂದರೆ ಅನ್ಸುತ್ತೋ ಹೇಳ್ತಾ ಹೋಗಿ, ಮುಜೆಯ್ಯೆನ್ ಬರ್ಕೋತಾಳೆ." ಮುಜೆಯ್ಯೆನ್ ಅಂದರೆ ನಾನು.

"ಓಡಿಸೋ ಹಾಗೆ ಕೂರೋಕೆ ನಾನೇನು ನಾಟಕದೋನಾ? ಗಾಡಿ ಯಾವ್ದು? ಎಲ್ಲಿಗೆ? ಹೊರಡೋದು ಎಷ್ಟಕ್ಕೆ?"

"ಅಂಕಾರಾಕ್ಕೆ. ಎಂಟೂ ಐದಕ್ಕೆ" ಎಂದು ತುಂಜೆರ್ ಬೇ ಬಾಯಿಗೆ ಬಂದದ್ದು ಹೇಳಿದರು.

ಉಸ್ತಾ ಗಡಿಯಾರ ತೆಗೆದು ನೋಡಿದರು. "ಹದಿನೈದು ನಿಮಿಷ ಲೇಟು. ನನ್ನ ತಪ್ಪಲ್ಲ. ಬರ್ಕೋ ಮಗಳೇ."

ದೂರು ಬರೆದುಕೊಳ್ಳಲೆಂದು ಇಟ್ಟ ನನ್ನ ಪುಸ್ತಕದಲ್ಲಿ ನಾನು ಬರೆದ ಮೊದಲ ಸಾಲು ಅದು.

ಹತ್ತಿ ಕೂತ ಮೇಲೆ ಇನ್ನೊಂದು ತಕರಾರು ಎದ್ದಿತು. ಜೊತೆಗಾರನಿಲ್ಲದೆ ಗಾಡಿ ಬಿಡುವಂತಿಲ್ಲ, ನಿಯಮವಿದೆ. ಹಾಗಾಗಿ ನಾನೇ ಜೊತೆಗಾತಿಯಾದೆ.

"ಸಿಗ್ನಲ್ ಕೂಗು."

"ಎದುರಿಗಿರೋದು ಗೋಡೆ ಉಸ್ತಾ."

"ಹಾಗಾದ್ರೆ ಗೋಡೆಗೆ ಗುದ್ದೋಕೆ ಹೊರಟಿದೀವಾ? ಕೂಗು!"

"ಸಿಗ್ನಲ್ ಬಿದ್ದಿದೆ!" ಎಂದು ಕೂಗಿದೆ. "ಬಿದ್ದಿದೆ!" ಎಂದು ಅವರೂ ಕೂಗಿ ಹಿಡಿ ತಿರುಗಿಸಿದರು. ಶೆಡ್ಡಿನ ಆಚೆ ಬಡಗಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಮೂರನೆಯ ದಿನಕ್ಕೆ ನನಗೇ ಗೋಡೆಯ ಮೇಲೆ ಹಳಿ ಕಾಣತೊಡಗಿತು. ಗಾಡಿ ಅಲ್ಪು ನಿಲ್ದಾಣ ದಾಟಿತು, ಬೆಯ್ಲಿಕೋವಾ ದಾಟಿತು, ಪೊಲಾತ್ಲಿಯಲ್ಲಿ ಹತ್ತು ನಿಮಿಷ ನಿಂತಿತು. ಚಹಾ ಅಲ್ಲಿ ಮಾತ್ರ. ಒಂದು ದಿನ ಕಾರ್ಖಾನೆಯಲ್ಲಿ ಚಹಾ ಹಂಚುವ ಬಹ್ರಿ ತಟ್ಟೆ ಹಿಡಿದು ಬೇಗ ಬಂದುಬಿಟ್ಟ.

"ಇಲ್ಲಿ ಸ್ಟಾಪಿಲ್ಲ!" ಎಂದು ಉಸ್ತಾ ಕಿಟಕಿಯಿಂದ ಗದರಿದರು.

"ಚಹಾ ಆರಿ ಹೋಗುತ್ತಲ್ಲ ಉಸ್ತಾ!"

"ಆರಲಿ! ಗಂಟೆಗೆ ಎಪ್ಪತ್ತು ಕಿಲೋಮೀಟರಲ್ಲಿ ಹೋಗ್ತಿದೀನಿ, ಚಹಾ ಹೆಂಗೆ ಇಸ್ಕೊಳ್ಲಿ?"

ಬಹ್ರಿ ಒಂದು ಕ್ಷಣ ಯೋಚಿಸಿ ತಟ್ಟೆಯನ್ನು ವಾಪಸು ತೆಗೆದುಕೊಂಡು ಹೋದ.

ಉಸ್ತಾ ಹೇಳಿದ ದೂರುಗಳಲ್ಲಿ ತಮಾಷೆಯದೂ ಇತ್ತು, ತೂಕದ್ದೂ ಇತ್ತು. ಬ್ರೇಕಿನ ಹಿಡಿ ಮೊಣಕೈಗೆ ತಾಗುತ್ತದೆ. ಕೋಟು ತೂಗುಹಾಕಲು ಮೊಳೆ ಇಲ್ಲ. ಮೀಟರಿಗೆ ಗಾಜು ಹಾಕಿದರೆ ಬಿಸಿಲಿಗೆ ಹೊಳೆಯುತ್ತದೆ. ತುಂಜೆರ್ ಬೇ ಅವನ್ನೆಲ್ಲ ಮರುಮಾತಿಲ್ಲದೆ ಸರಿಮಾಡಿಸಿದರು. ಒಂದನ್ನು ಮಾತ್ರ ಕಿವಿಗೇ ಹಾಕಿಕೊಳ್ಳಲಿಲ್ಲ. ಉಸ್ತಾ ದಿನವೂ ಅದನ್ನೇ ಹೇಳುತ್ತಿದ್ದರು.

"ಮೂತಿ ಎತ್ತರ ಆಯ್ತು. ಮುಂದೆ ಹಳಿ ಕಾಣಲ್ಲ."

"ಒಳಗೆ ಡೀಸೆಲ್ ಯಂತ್ರ ಇದೆ, ಅದರ ಮೇಲೆ ಗಾಳಿ ಸೋಸೋ ಪೆಟ್ಟಿಗೆ ಇದೆ. ಅದನ್ನೆಲ್ಲಿ ಇಡಲಿ, ನಿಮ್ಮ ತಲೆ ಮೇಲಾ?"

"ನನ್ನ ತಲೆ ಮೇಲೆ ಟೋಪಿ ಇದೆ."

"ನಿಮ್ಮ ಹಳೇ ಇಂಜಿನಲ್ಲಿ ಬಾಯ್ಲರು ಇದಕ್ಕಿಂತ ಎತ್ತರ ಇತ್ತಲ್ಲ?"

"ಇತ್ತು. ಇಪ್ಪತ್ತೇಳು ವರ್ಷ ಕತ್ತು ಹೊರಗೆ ಹಾಕಿ ನೋಡಿದೀನಿ. ಅದಕ್ಕೇ ಎಡಗಿವಿ ಕೇಳಲ್ಲ. ಹೊಸದು ಮಾಡ್ತಿರೋದು ಹಳೇ ಕಾಯಿಲೆ ಅಂಟಿಸೋಕಾ?"

ತುಂಜೆರ್ ಬೇ ನಕ್ಷೆ ಸುತ್ತಿಕೊಂಡು ಹೊರಟುಹೋದರು.

ಎರಡನೆಯ ವಾರ ಅಂಕಾರಾದಿಂದ ಉಪನಿರ್ದೇಶಕರು ನೋಡಲು ಬಂದರು. ದಪ್ಪ ಕೋಟಿನ ಭಾರೀ ಮನುಷ್ಯ. ಹಿಂದೆ ಐದಾರು ಜನ ಅಧಿಕಾರಿಗಳು. ಅವರು ಏಣಿಯ ಮೇಲೆ ಒಂದು ಕಾಲಿಟ್ಟರೋ ಇಲ್ಲವೋ, ಮೇಲಿನಿಂದ ಕೂಗು ಬಂತು.

"ಓಡೋ ಗಾಡಿ ಹತ್ಬೇಡ್ರೀ! ಇಳೀರಿ ಕೆಳಗೆ!"

ಉಪನಿರ್ದೇಶಕರು ಗಾಬರಿಯಿಂದ ಕಾಲು ಹಿಂದೆಗೆದರು. ತುಂಜೆರ್ ಬೇ ಅವರ ಮುಖ ಬಿಳಿಚಿಕೊಂಡಿತು. "ಉಸ್ತಾ, ನಿಲ್ಸಿ!" ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. ಹಾಗೆ ಹೇಳಿದ ಮೇಲೆ, ಮರದ ಇಂಜಿನನ್ನು ನಿಲ್ಲಿಸಿ ಎಂದೆನಲ್ಲ ಎಂದು ಅವರಿಗೇ ನಾಚಿಕೆಯಾದಂತಿತ್ತು.

"ಬಿಚೆರ್ ಸ್ಟೇಷನ್ನಲ್ಲಿ ನಿಲ್ಲುತ್ತೆ. ಇನ್ನು ನಾಲ್ಕು ನಿಮಿಷ" ಎಂದರು ಉಸ್ತಾ.

ರೈಲ್ವೆಯ ಉಪನಿರ್ದೇಶಕರು ದಿಮ್ಮಿಗಳ ಮೇಲೆ ಕೂತ ಗಾಡಿ ಬಿಚೆರ್ ತಲುಪುವುದನ್ನು ಕಾಯುತ್ತ ಆ ಚಳಿಯಲ್ಲಿ ನಾಲ್ಕು ನಿಮಿಷ ನಿಂತರು. ನಾನು ಸಿಗ್ನಲ್ ಕೂಗಿದೆ. ಉಸ್ತಾ ಬ್ರೇಕು ಹಾಕಿ ಕೆಳಗೆ ಬಗ್ಗಿದರು.

"ಪಾಸ್ ಇದೆಯಾ ಸಾಹೇಬ್ರೇ? ಲಿಖಿತ ಅನುಮತಿ ಇಲ್ದೆ ಡ್ರೈವರ್ ಕೋಣೆಗೆ ಯಾರನ್ನೂ ಬಿಡಬಾರದು. ಹೋದ ವರ್ಷದ ಸುತ್ತೋಲೆ."

"ಅದಕ್ಕೆ ಸಹಿ ಹಾಕಿದ್ದು ನಾನೇ ಕಣಯ್ಯಾ!"

"ಹಾಗಾದ್ರೆ ನಿಮಗೆ ಚೆನ್ನಾಗೇ ಗೊತ್ತಿರ್ಬೇಕು."

ಉಪನಿರ್ದೇಶಕರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರು ನನ್ನ ಪುಸ್ತಕ ಕೇಳಿ ತೆಗೆದುಕೊಂಡು, ತಮಗೆ ತಾವೇ ಒಂದು ಪಾಸ್ ಬರೆದುಕೊಂಡು ಸಹಿ ಹಾಕಿದರು. ಉಸ್ತಾ ಅದನ್ನು ಓದಿ, ತಾರೀಖು ಬಿಟ್ಟುಹೋಗಿದೆ ಎಂದು ವಾಪಸು ಕೊಟ್ಟರು. ತಾರೀಖು ಬಿತ್ತು. ಆಮೇಲೆ ಉಸ್ತಾ ತಾವೇ ಎದ್ದು ಉಪನಿರ್ದೇಶಕರನ್ನು ತಮ್ಮ ಜಾಗದಲ್ಲಿ ಕೂರಿಸಿದರು.

"ಎದುರಿಗೆ ಏನು ಕಾಣುತ್ತೆ ಹೇಳಿ."

"ಗೋಡೆ ಕಾಣುತ್ತೆ. ಕಿಟಕಿ. ಏನೂ ಅಡ್ಡ ಇಲ್ಲ."

"ಸರಿಯಾಗಿ ನೋಡಿ."

"ನೋಡ್ದೆನಲ್ಲ, ದಾರಿ ಖಾಲಿ ಇದೆ."

"ಬಹ್ರೀ, ಮಾತಾಡೋ!" ಎಂದು ಉಸ್ತಾ ಕೂಗಿದರು.

"ಇಲ್ಲೇ ಇದೀನಿ ಸಾಹೇಬ್ರೇ" ಎಂದು ಮೂತಿಯ ಆಚೆಯಿಂದ ಬಹ್ರಿಯ ದನಿ ಬಂತು. "ಪೊಲಾತ್ಲಿ ಬರ್ಲಿ ಅಂತ ಕಾಯ್ತಿದೀನಿ."

ಉಪನಿರ್ದೇಶಕರು ಎದ್ದು ನಿಂತು, ಕತ್ತು ನಿಮಿರಿಸಿ, ತುದಿಗಾಲಲ್ಲಿ ನೋಡಿದರು. ಆಗ ಮಾತ್ರ ಅವನ ಟೋಪಿಯ ತುದಿ ಕಂಡಿತು.

"ನೀವು ಕೂತಾಗಿಂದ ಬಹ್ರಿ ನಿಮ್ಮ ಗಾಡಿ ಅಡೀಲೇ ಇದಾನೆ" ಎಂದರು ಉಸ್ತಾ. ಆ ಮಾತನ್ನು ಅವರು ನಗುತ್ತ ಹೇಳಲಿಲ್ಲ. ಯಾರೂ ನಗಲೂ ಇಲ್ಲ.

ಮುಂದಿನ ಎರಡು ದಿನ ತುಂಜೆರ್ ಬೇ ತಮ್ಮ ಕೋಣೆಯಲ್ಲೇ ಗೆರೆ ಎಳೆಯುತ್ತ ಕೂತರು. ಮೂರನೆಯ ದಿನ ನನ್ನ ಮೇಜಿನ ಬಳಿ ಬಂದು, ಗಾಳಿಯ ಪೆಟ್ಟಿಗೆಯನ್ನು ಕೋಣೆಯ ಹಿಂದಕ್ಕೆ ಸಾಗಿಸಿದ ಒಂದು ಕಚ್ಚಾ ಚಿತ್ರ ಇಟ್ಟರು. "ಒಂದೂವರೆ ಗೇಣು ಇಳಿಯುತ್ತೆ. ಸಾಕಾ ಅಂತ ಅವರನ್ನ ಕೇಳು" ಎಂದರು. ಸಾಲದು ಎಂದರು ಉಸ್ತಾ. ಹೀಗೆ ಏಳು ಸಲ ಆಯಿತು. ಎರಡು ವಾರಕ್ಕೆಂದು ಬಂದವರು ನಾಲ್ಕು ತಿಂಗಳು ಉಳಿದರು. ಲೋಕೋ ಶೆಡ್ಡಿನಿಂದ ಅವರನ್ನು ವಾಪಸು ಕಳಿಸಿ ಎಂದು ಒಂದು ಪತ್ರವೂ ಬರಲಿಲ್ಲ.

೧೯೭೧ರ ವಸಂತದಲ್ಲಿ ಕಬ್ಬಿಣದ ಇಂಜಿನು ಹಳಿಗೆ ಇಳಿಯಿತು. ಪರೀಕ್ಷೆಯ ಓಟಕ್ಕೆ ಸೆಯ್ಫೆತ್ತಿನ್ ಉಸ್ತಾ ಅವರೇ ಡ್ರೈವರ್. ಕೋಣೆಯೊಳಗೆ ತುಂಜೆರ್ ಬೇ, ನಾಲ್ಕು ಅಧಿಕಾರಿಗಳು, ಪುಸ್ತಕ ಹಿಡಿದು ನಾನು. ಈ ಇಂಜಿನಿನಲ್ಲಿ ಹೊಸದೊಂದು ಪೆಡಲು ಇತ್ತು: ಡ್ರೈವರ್ ಅದರ ಮೇಲೆ ಕಾಲಿಟ್ಟೇ ಇರಬೇಕು, ಕಾಲು ತೆಗೆದರೆ ಅವನಿಗೆ ಏನೋ ಆಗಿದೆ ಎಂದುಕೊಂಡು ಗಾಡಿ ತಾನಾಗಿ ನಿಲ್ಲುತ್ತದೆ. ಬೆಳಿಗ್ಗೆ ಎರಡು ಸಲ ಅವರಿಗೆ ಹೇಳಿಯಾಗಿತ್ತು.

ಗಾಡಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಅಲ್ಪು ನಿಲ್ದಾಣ ಬಂತು. ಸ್ಟೇಷನ್ ಮಾಸ್ತರು ಪ್ಲಾಟ್‌ಫಾರಂ ಮೇಲೆ ಹಸಿರು ಬಾವುಟ ಹಿಡಿದು ನಿಂತಿದ್ದರು. ಇಪ್ಪತ್ತೇಳು ವರ್ಷದ ಅಭ್ಯಾಸದಂತೆ ಉಸ್ತಾ ಎದ್ದು ನಿಂತು ಟೋಪಿ ಮುಟ್ಟಿ ಸಲಾಂ ಮಾಡಿದರು.

ಬ್ರೇಕುಗಳು ಒಟ್ಟಿಗೇ ಕಿರುಚಿದವು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ರಾಶಿಯ ತಳದಿಂದ ತುಂಜೆರ್ ಬೇ ಅವರ ಸಂತೋಷದ ಕೂಗು ಕೇಳಿಸಿತು: "ಕೆಲಸ ಮಾಡ್ತು! ಮುಜೆಯ್ಯೆನ್, ಎಷ್ಟು ಮೀಟರಿಗೆ ನಿಂತಿತು ನೋಡೇ!"

ಸ್ಟೇಷನ್ ಮಾಸ್ತರು ಓಡಿ ಬಂದರು. "ಏನಾಯ್ತು ಉಸ್ತಾ?"

ನಿಲ್ಲಬಾರದ ಕಡೆ ನಿಂತ ನಾಚಿಕೆಗೆ ಉಸ್ತಾ ಅವರ ಕಿವಿಗಳೆರಡೂ ಕೆಂಪಾಗಿದ್ದವು. ಆದರೂ ಕಿಟಕಿಯಿಂದ ಗಂಭೀರವಾಗಿ ಹೇಳಿದರು: "ಏನಿಲ್ಲ. ನಿಂಗೆ ಸಲಾಂ ಹೇಳೋಣ ಅಂತ ನಿಲ್ಸಿದೆ."

"ಇನ್ಮೇಲೆ ಕೂತ್ಕೊಂಡೇ ಸಲಾಂ ಮಾಡಿ" ಎಂದರು ತುಂಜೆರ್ ಬೇ, ಕೋಟಿನ ಧೂಳು ಹೊಡೆಯುತ್ತ.

"ಕೂತ್ಕೊಂಡು ಮಾಡೋದು ಸಲಾಮಾ? ಅವಮಾನ ಅದು."

ತುಂಜೆರ್ ಬೇ ಹಾರನ್ನಿನ ಕಡೆ ಕೈ ತೋರಿಸಿದರು. "ಹಾಗಾದ್ರೆ ಹಾರನ್ ಹೊಡೀರಿ. ಚಿಕ್ಕದಾಗಿ, ಎರಡು ಸಲ."

ಉಸ್ತಾ ಹೊಡೆದರು. ಮಾಸ್ತರು ಟೋಪಿ ಮುಟ್ಟಿಕೊಂಡರು. ಗಾಡಿ ಹೊರಟಿತು.

ಆ ಮಾದರಿಯ ಇಂಜಿನು ಮುಂದೆ ಹತ್ತೊಂಬತ್ತು ತಯಾರಾದವು. ಅವನ್ನು ಓಡಿಸಿದ ಡ್ರೈವರುಗಳೆಲ್ಲ ಉಸ್ತಾ ಅವರ ಕೈಕೆಳಗೇ ಕಲಿತವರು. ಎಲ್ಲರೂ ಅಲ್ಪುವಿನಲ್ಲಿ ಎರಡು ಸಲ ಹಾರನ್ ಹೊಡೆದೇ ಮುಂದೆ ಹೋಗುತ್ತಿದ್ದರು. ವರ್ಷದೊಳಗೆ ಆ ಊರಿನ ನಲವತ್ಮೂರು ಜನ ಸಹಿ ಹಾಕಿದ ಅರ್ಜಿ ನಮ್ಮ ವಿಭಾಗಕ್ಕೆ ಬಂತು: ನಿಮ್ಮ ಇಂಜಿನಿಗೆ ನಮ್ಮ ಊರ ಮೇಲೆ ಏನು ಸಿಟ್ಟು? ಉತ್ತರ ಬರೆಯುವ ಕೆಲಸವನ್ನು ತುಂಜೆರ್ ಬೇ ನನಗೇ ಹಚ್ಚಿದರು. ಸಿಟ್ಟಲ್ಲ, ಮರ್ಯಾದೆ ಎಂದು ಬರೆದು ಕಳಿಸಿದೆ.