ಸಕ್ರಪ್ಪನ ಪಣ, ಅಮೃತವ್ವನ ಕುಂಬಳ

ಕರ್ನಾಟಕ ಒಂದಾಗಲೆಂದು ಜನ ಏನೇನೋ ಬಿಟ್ಟರು. ಕೆಲವರು ಊಟ ಬಿಟ್ಟರು, ಕೆಲವರು ನೌಕರಿ ಬಿಟ್ಟರು, ಗದಗಿನ ಅಡತಿ ಅಂಗಡಿಯವನೊಬ್ಬ ಚಹಾ ಬಿಟ್ಟನಂತೆ. ನಮ್ಮ ಶಿಗ್ಲಿಯಲ್ಲಿ, ನಮ್ಮ ಎದುರು ಮನೆಯ ಸಕ್ರಪ್ಪ, ಕೆಲಸ ಬಿಟ್ಟ.

ಅವನು ಅದನ್ನು ಹಾಗೆ ಹೇಳುತ್ತಿರಲಿಲ್ಲ ಬಿಡಿ. ಅವನ ಬಾಯಲ್ಲಿ ಅದು ಪಣ. ಗದಗಿನ ಏಕೀಕರಣದ ಸಭೆಗೆ ಹೋಗಿದ್ದಾಗ ಒಬ್ಬೊಬ್ಬರೇ ಎದ್ದು ನಿಂತು ಪಣ ತೊಡುತ್ತಿದ್ದರಂತೆ. ಇವನಿಗೂ ಉಮೇದಿ ಬಂತು. ಉಪವಾಸ ಅನ್ನೋಣವೆಂದರೆ ಹುಟ್ಟಾ ಎದೆಯುರಿ, ಹೊಟ್ಟೆ ಖಾಲಿ ಬಿಟ್ಟರೆ ಗಂಟಲವರೆಗೆ ಬೆಂಕಿ. ಸ್ವಲ್ಪ ಹೊತ್ತು ಯೋಚಿಸಿ ಕೈ ಎತ್ತಿ ಕೂಗಿದನಂತೆ, "ನಮ್ಮ ನಾಡನ್ನ ತುಂಡ ತುಂಡ ಮಾಡ್ಯಾರ. ಕರ್ನಾಟಕ ಒಂದಾಗೂತನಕ ನಾ ಏನನ್ನೂ ತುಂಡ ಮಾಡೂದಿಲ್ಲ! ಕೈಯಾಗ ಹರಿತ ಹಿಡಿಯೂದಿಲ್ಲ!" ಜನ ಚಪ್ಪಾಳೆ ಹೊಡೆದು ಮಾಲೆ ಹಾಕಿದರು. ಮಾಲೆ ಹಾಕಿದವರಲ್ಲಿ ಯಾರಿಗೂ ಅವನ ಹೆಂಡತಿಯ ಪರಿಚಯ ಇರಲಿಲ್ಲ.

ಅವನು ಅಂದದ್ದರಲ್ಲಿ ಸುಳ್ಳಿರಲಿಲ್ಲ. ನಾನು ಮದುವೆಯಾಗಿ ಬಂದ ಕಾಲಕ್ಕೆ ನನ್ನ ತವರು ಲಕ್ಷ್ಮೇಶ್ವರ ಮಿರಜದ ರಾಜರದು, ನಮ್ಮಕ್ಕನನ್ನು ಕೊಟ್ಟ ಶಿರಹಟ್ಟಿ ಸಾಂಗ್ಲಿಯವರದು, ಗದಗ ಮುಂಬೈ ಸರಕಾರದ್ದು, ಮುಂಡರಗಿ ದಾಟಿ ಮುಂದೆ ಹೋದರೆ ನಿಜಾಮನದು. ಅಕ್ಕನಿಗೊಂದು ಕುಪ್ಪಸದ ಖಣ ಕೊಟ್ಟು ಬರಬೇಕೆಂದರೂ ಒಬ್ಬ ರಾಜನನ್ನು ಬಿಟ್ಟು ಇನ್ನೊಬ್ಬ ರಾಜನಲ್ಲಿಗೆ ಹೋಗಬೇಕಿತ್ತು. ಸ್ವಾತಂತ್ರ್ಯ ಬಂದು ರಾಜರು ಹೋದರು, ನಾವು ಮಾತ್ರ ಮುಂಬೈ ಸರಕಾರದ ಪಾಲಾದೆವು. ನಮಗೂ ಸಿಟ್ಟಿತ್ತು. ಆದರೆ ಆ ಸಿಟ್ಟಿಗೆ ನಾವು ಯಾರೂ ಕಳೆ ತೆಗೆಯುವುದನ್ನು ಬಿಡಲಿಲ್ಲ.

ಸಕ್ರಪ್ಪ ಬಿಟ್ಟ. ಕುಡಗೋಲು ಹರಿತ, ಕೊಡಲಿ ಹರಿತ, ಕುರ್ಪಿ ಹರಿತ, ಕುಂಟೆಯ ತಳಕ್ಕೂ ಕಬ್ಬಿಣದ ಅಲಗು. ಒಕ್ಕಲುತನದಲ್ಲಿ ಹರಿತವಲ್ಲದ್ದು ಅಂದರೆ ಎತ್ತಿನ ಬಾಲ ಒಂದೇ. ಗಡ್ಡ ಬಿಟ್ಟನೋ ಎಂದರೆ ಅದೂ ಇಲ್ಲ. ವಾರಕ್ಕೊಮ್ಮೆ ಕ್ಷೌರಿಕನ ಹತ್ತಿರ ನುಣ್ಣಗೆ ಬೋಳಿಸಿಕೊಂಡು ಬಂದು, "ಕತ್ತಿ ಹಿಡದಾಂವ ಅಂವ, ನಾ ಅಲ್ಲ" ಎನ್ನುತ್ತಿದ್ದ. ಕಟ್ಟೆಯ ಮೇಲೆ ಕೂತು ಪೇಪರ್ ಓದುವುದು, ನಾಡಿನ ಸಲುವಾಗಿ ಕಣ್ಣೀರು ಹಾಕುವುದು, ಊಟದ ಹೊತ್ತಿಗೆ ಒಳಗೆ ಹೋಗುವುದು. ಹೆಂಡತಿ ಅಮೃತವ್ವ ಬಿತ್ತಿದಳು, ಎಡೆ ಹೊಡೆದು ಸಾಲಿನ ಕಳೆ ತೆಗೆದಳು, ಕೊಯ್ದಳು, ಕಟ್ಟಿಗೆ ಕಡಿದಳು, ರೊಟ್ಟಿ ಬಡಿದಳು. ಮೂರು ವರ್ಷ ಹೀಗೇ ನಡೆಯಿತು.

ಅವರ ಹಿತ್ತಲಿನ ಬಳ್ಳಿಯ ಬಗ್ಗೆ ಹೇಳಬೇಕು. ಬೂದಗುಂಬಳದ ಬಳ್ಳಿ ಹಂದರ ಹತ್ತಿ ಮಾಳಿಗೆಯನ್ನೂ ಏರಿತ್ತು. ಸಕ್ರಪ್ಪನ ತಾಯಿ ಹನಮಂತವ್ವನಿಗೆ ಆ ಬಳ್ಳಿಯೇ ದವಾಖಾನೆ. ಕಾಯಿ ತುರಿದು ಹಿಂಡಿದ ರಸ ಬೆಳಗಿನ ಬರಿಹೊಟ್ಟೆಗೆ ಕುಡಿದರೆ ಎದೆಯುರಿ ತಣ್ಣಗಾಗುತ್ತದೆ. ಬೀಜ ಒಣಗಿಸಿ ಕುಟ್ಟಿ ಬೆಲ್ಲದಲ್ಲಿ ಕೊಟ್ಟರೆ ಮಕ್ಕಳ ಹೊಟ್ಟೆಯ ಹುಳ ಬೀಳುತ್ತದೆ. ತಿರುಳು ಮಜ್ಜಿಗೆ ಸಾರಿಗೆ, ಸಿಪ್ಪೆ ಚಟ್ನಿಗೆ, ಉಳಿದ ತುರಿ ಉದ್ದಿನ ಹಿಟ್ಟಿನಲ್ಲಿ ಕಲಸಿ ಬಿಸಿಲಿಗಿಟ್ಟರೆ ವರ್ಷಪೂರ್ತಿ ಸಂಡಿಗೆ. "ಮ್ಯಾಲಿನ ಬೂದಿ ಒಂದ ಬಿಟ್ರ ಇದರಾಗ ಒಗಿಯೂದು ಏನೂ ಇಲ್ಲ ನೋಡ ಮಾಳವ್ವ. ನನ್ನ ಮಗನಗಿಂತ ಚಲೋ" ಎಂದು ಆ ಮುದುಕಿ ನನ್ನೆದುರೇ ಅನ್ನುತ್ತಿದ್ದಳು.

ಸಕ್ರಪ್ಪನಿಗೆ ಕೆಂಪು ಚಟ್ನಿ ಇಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ, ಕೆಂಪು ಚಟ್ನಿ ಇಳಿದರೆ ಕುಂಬಳದ ರಸವಿಲ್ಲದೆ ಬೆಳಗು ಆಗುತ್ತಿರಲಿಲ್ಲ. ಆದರೆ ಇಡೀ ಕುಂಬಳವನ್ನು ಹೆಂಗಸರು ಒಡೆಯುವ ಪದ್ಧತಿ ನಮ್ಮಲ್ಲಿಲ್ಲ. ಮೊದಲ ಏಟು ಗಂಡಸಿನದು, ಆಮೇಲೆ ಹೆಂಗಸರು ಏನು ಬೇಕಾದರೂ ಮಾಡಿಕೊಳ್ಳಬಹುದು. ಸಕ್ರಪ್ಪನ ಪಣದಿಂದಾಗಿ ನಮ್ಮ ಮನೆಯವರೇ ಹೋಗಿ ಅವರ ಕುಂಬಳ ಒಡೆದು ಬರುತ್ತಿದ್ದರು. ಸ್ವಂತ ಮನೆಯಲ್ಲಿ ಒಂದು ಕೊಡ ಎತ್ತಿಡದ ಮನುಷ್ಯ, ಎದುರು ಮನೆಯ ಕುಂಬಳಕ್ಕೆ ಮಾತ್ರ ರುಮಾಲು ಸುತ್ತಿಕೊಂಡು ಹೊರಡುತ್ತಿದ್ದರು.

ಆ ವರ್ಷ ಸಜ್ಜೆ ಕೊಯ್ಯುವಾಗ ಅಮೃತವ್ವನ ಎಡಗೈಗೆ ಕುಡಗೋಲು ತಾಗಿತು. ಸೆರಗು ಸುತ್ತಿಕೊಂಡು ಮನೆಗೆ ಬಂದಳು. ಸೆರಗೆಲ್ಲ ರಕ್ತ. ಕಟ್ಟೆಯ ಮೇಲಿದ್ದ ಸಕ್ರಪ್ಪ ಪೇಪರ್ ಕೆಳಗಿಳಿಸಿ ನೋಡಿ, "ನೋಡಿದ್ಯಾ? ಹರಿತ ಅಂದ್ರ ಇಂಥಾದ್ದು. ಅದಕ್ಕ ನಾ ಮುಟ್ಟೂದಿಲ್ಲ" ಅಂದ.

ಅಮೃತವ್ವ ಒಳಗೆ ಹೋಗಿ ಅರಿಷಿಣ ಒತ್ತಿಕೊಂಡಳು. ನಾನಾಗಿದ್ದರೆ ಆ ಅರಿಷಿಣದ ಡಬ್ಬಿಯನ್ನೇ ಅವನ ತಲೆಗೆ ಒಗೆಯುತ್ತಿದ್ದೆ.

ಸಂಜೆ ನಮ್ಮ ಬಾಗಿಲಿಗೆ ಬಂದಳು. "ಮಾಳವ್ವ, ಇನ್ನ ನಮ್ಮ ಕುಂಬಳ ಒಡಿಯಾಕ ನಿಮ್ಮನಿಯವರನ್ನ ಕಳಸಬ್ಯಾಡ."

"ಯಾಕವಾ?"

"ಮೂರು ವರ್ಸ ಹೊಲ ಮಾಡೀನಿ, ಕಟಗಿ ಕಡದೀನಿ. ಒಂದ ಕುಂಬಳ ಒಡಿಯಾಕರ ಅವರು ಕೈ ಎತ್ತಲಿ. ನನಗ ಅಷ್ಟ ಸಾಕು." ಗಾಯದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಮುಚ್ಚಿಡಲಿ.

ಮರುದಿನ ಸಕ್ರಪ್ಪನಿಗೆ ರಸ ಸಿಗಲಿಲ್ಲ. "ಕುಂಬಳ ಹಂಗ ಕುಂತೈತ್ರಿ. ಗಂಡಸರು ಒಡದ ಕೊಟ್ರ ರಸ ತಗೀತೀನಿ" ಎಂದಳು ಅಮೃತವ್ವ.

"ನನ್ನ ಪಣಾ ನಿನಗ ಗೊತ್ತಿಲ್ಲೇನು?"

"ನಮ್ಮ ಪದ್ಧತಿ ನಿಮಗ ಗೊತ್ತಿಲ್ಲೇನ್ರಿ?"

ಸಕ್ರಪ್ಪ ಎದೆ ತಿಕ್ಕಿಕೊಳ್ಳುತ್ತ ನಮ್ಮ ಮನೆಗೆ ಓಡಿ ಬಂದ. "ಪುಂಡಲೀಕಪ್ಪ, ಜಲ್ದಿ ಬಾರೋ, ಒಂದ ಏಟು ಹಾಕಿ ಹೋಗು." ನಮ್ಮ ಮನೆಯವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, "ಯಜಮಾನ ಗಟ್ಟಿಮುಟ್ಟ ಇರೂ ಮನ್ಯಾಗ ಇನ್ನೊಬ್ಬಾಂವ ಕುಂಬಳ ಒಡದ್ರ ಶುಭ ಅಲ್ಲಪಾ" ಎಂದರು. ಸಂಜೆಯೊಳಗೆ ಓಣಿಯ ಗಂಡಸರೆಲ್ಲ ಅದೇ ಮಾತು ಹೇಳತೊಡಗಿದರು. ಎಲ್ಲರ ಮನೆಯಲ್ಲೂ ಹೆಂಡಂದಿರಿದ್ದರಲ್ಲ.

ಉರಿ ತಾಳಲಾರದೆ ಅವನೊಂದು ಉಪಾಯ ಮಾಡಿದ. ದೊಡ್ಡದೊಂದು ಕುಂಬಳವನ್ನು ಹೊತ್ತು ತಂದು, ಕತ್ತಿ ಮುಟ್ಟದೆ, ತಲೆಯ ಮೇಲೆತ್ತಿ ಬಾಗಿಲ ಮುಂದಿನ ಕಲ್ಲಿಗೆ ಅಪ್ಪಳಿಸಿದ. ಅದು ಸಿಡಿದು ನಾಲ್ಕು ದಿಕ್ಕಿಗೆ ಹೋಯಿತು. "ಆತು! ಹರಿತ ಇಲ್ದ ಒಡದ್ನಿ! ತಗೋ, ರಸಾ ತಗಿ" ಎಂದು ಬೀಗಿದ.

ಅವತ್ತು ಅಮಾವಾಸ್ಯೆ ಎಂಬುದು ಅವನಿಗೆ ನೆನಪಿರಲಿಲ್ಲ. ಒಳಗಿನಿಂದ ಹನಮಂತವ್ವ ಗೋಡೆ ಹಿಡಿದುಕೊಂಡು ಬಂದು ಕೈ ಮುಗಿದಳು. "ಚಲೋ ಮಾಡಿದಿ ಸಕ್ರ್ಯಾ, ಮನಿಗಿ ದೃಷ್ಟಿ ತಗದಿ! ಲೇ, ಯಾರೂ ಮುಟ್ಟಬ್ಯಾಡ್ರಿ ಅದನ್ನ, ದೃಷ್ಟಿ ಕುಂಬಳ ತಿಂದ್ರ ದೃಷ್ಟಿ ಹೊಟ್ಟ್ಯಾಗ ಹೊಕ್ಕೈತಿ." ಬಾಗಿಲಿಗೆ ಅಪ್ಪಳಿಸಿದ ಕುಂಬಳವನ್ನು ಯಾರಾದರೂ ತಿನ್ನುತ್ತಾರೆಯೇ? ಹಗ್ಗ ಬಿಚ್ಚಿಕೊಂಡಿದ್ದ ನಮ್ಮ ಎಮ್ಮೆ ಮಾತ್ರ ಬಂದು ಒಂದು ಚೂರೂ ಬಿಡದೆ ತಿಂದಿತು. ಅದಕ್ಕೆ ಎದೆಯುರಿ ಇದ್ದಿದ್ದರೆ ಅವತ್ತೇ ಹೋಗಿರಬೇಕು.

ಅಷ್ಟರಲ್ಲಿ ನವೆಂಬರ್ ಒಂದು ಬಂತು. ಕರ್ನಾಟಕ ಒಂದಾಯಿತು. ಸಕ್ರಪ್ಪ ಗದಗಿಗೆ ಹೋಗಿ ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡು, ಮತ್ತೊಂದು ಮಾಲೆ ಹಾಕಿಸಿಕೊಂಡು ಬಂದ. ಇತ್ತ ಅಮೃತವ್ವ ಬಾಗಿಲು ಸಾರಿಸಿ ರಂಗೋಲಿ ಹಾಕಿ, ಮಣೆಯ ಮೇಲೆ ಒಂದು ಕುಂಬಳ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಕತ್ತಿ ಇಟ್ಟು ಕಾಯುತ್ತಿದ್ದಳು. ಹೊಸ ಇಳಕಲ್ಲ ಸೀರೆ ಉಟ್ಟಿದ್ದಳು. ಓಣಿಯೆಲ್ಲ ಸೇರಿತ್ತು. ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಆ ಮೂರು ವರ್ಷದಲ್ಲಿ ನೋಡಿರಲಿಲ್ಲ.

"ಕರ್ನಾಟಕ ಒಂದಾತಲ್ರಿ, ನಿಮ್ಮ ಪಣ ತೀರಿತು. ಹಿಡೀರಿ" ಎಂದು ಕತ್ತಿ ಮುಂದೆ ಮಾಡಿದಳು.

ಸಕ್ರಪ್ಪ ಕತ್ತಿ ನೋಡಿದ. ಅದರ ಹಿಂದೆ ಅವನಿಗೆ ಕೊಡಲಿ, ಕುರ್ಪಿ, ಕುಂಟೆ, ಬಿಸಿಲು ಎಲ್ಲ ಸಾಲಾಗಿ ಕಂಡಿರಬೇಕು. ಕೈ ಹಿಂದಕ್ಕೆ ಕಟ್ಟಿಕೊಂಡ. "ಒಂದಾತು ಖರೆ. ಆದ್ರ ಹೆಸರೇನು ಇಟ್ಟಾರ? ಮೈಸೂರು ರಾಜ್ಯ! ನಾ ಪಣ ತೊಟ್ಟಿದ್ದು ಕರ್ನಾಟಕಕ್ಕ. ಕರ್ನಾಟಕ ಅಂತ ಹೆಸರು ಬರೂತನಕ ನಾ ಹರಿತ ಹಿಡಿಯೂದಿಲ್ಲ!"

ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಅಮೃತವ್ವ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾರ ಹಿಡಿಯೂದಿಲ್ಲ?"

"ಇಲ್ಲ."

ಅವಳು ಕೂತು, ಗಾಯದ ಕೈಯಲ್ಲಿ ಕುಂಬಳ ಹಿಡಿದು, ಒಂದೇ ಏಟಿಗೆ ಎರಡು ಹೋಳು ಮಾಡಿದಳು. ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡೆವು. ಸಕ್ರಪ್ಪ ತಾಯಿಯ ಕಡೆ ತಿರುಗಿ, "ಯವ್ವಾ, ನೋಡಬೇ ನಿನ್ನ ಸೊಸಿ! ಹೆಂಗಸರು ಒಡೀಬಾರದು ಅಂತಿದ್ದಿ!" ಎಂದು ಕೂಗಿದ.

ಹನಮಂತವ್ವ ಒಂದು ಹೋಳನ್ನು ಮುಟ್ಟಿ ನೋಡಿ ಹೇಳಿದಳು, "ಗಂಡಸರು ಇಲ್ಲದ ಮನ್ಯಾಗ ಒಡದ್ರ ದೋಷ ಇಲ್ಲೋ."

ಸಕ್ರಪ್ಪನ ಮುಖ ಆ ಕುಂಬಳದ ಸಿಪ್ಪೆಯಂತಾಯಿತು. ಅಮೃತವ್ವ ಅಲ್ಲೇ ತುರಿದು, ಬಟ್ಟೆಯಲ್ಲಿ ಹಿಂಡಿ, ಮೊದಲ ವಾಟಿ ರಸ ಅವನಿಗೇ ಕೊಟ್ಟಳು. ಮಾನ ಒಂದು ಕಡೆ, ಹೊಟ್ಟೆ ಒಂದು ಕಡೆ. ಅವನು ಕುಡಿದ. ವಾಟಿ ಕೆಳಗಿಡುವಷ್ಟರಲ್ಲಿ ಅವಳು ಜೋಳದ ಬುಟ್ಟಿ ತಂದು ಬೀಸುವ ಕಲ್ಲಿನ ಪಕ್ಕದಲ್ಲಿಟ್ಟಳು.

"ಗಂಡಸರ ಕೆಲಸ ನಾ ಮಾಡಿದ್ನಿ. ಹೆಂಗಸರ ಕೆಲಸ ಯಾರರ ಮಾಡಬೇಕಲ್ರಿ? ಬೀಸೂ ಕಲ್ಲಿಗೆ ಹರಿತ ಇಲ್ಲ."

ಸಕ್ರಪ್ಪ ಕಲ್ಲಿನ ಸುತ್ತ ಬಗ್ಗಿ ನೋಡಿದ. "ನಡುವಿನ ಗೂಟ ಕಬ್ಬಿಣದ್ದು ಐತಿ!"

"ಮೊಂಡ ಐತಿ. ಕುಂಡ್ರೋ" ಎಂದಳು ತಾಯಿ.

ಕೂತ. ಓಣಿಯೆಲ್ಲ ನೋಡುತ್ತಿರುವಾಗ ಇನ್ನೇನು ಮಾಡಿಯಾನು? ಅವತ್ತಿನಿಂದ ಬೀಸಿದ, ಕಸ ಹೊಡೆದ, ಸಗಣಿ ಬಳಿದ, ನೀರು ಸೇದಿದ. ಪೊರಕೆಗೆ ಹರಿತ ಇಲ್ಲ, ಕೊಡಕ್ಕೆ ಹರಿತ ಇಲ್ಲ, ಸಗಣಿಗಂತೂ ಇಲ್ಲವೇ ಇಲ್ಲ. ಬಾವಿಯ ಹತ್ತಿರ ಹುಡುಗಿಯರು "ಸಕ್ರಕ್ಕ ಬಂದ್ಲು, ದಾರಿ ಬಿಡ್ರಿ" ಎಂದು ನಗುತ್ತಿದ್ದರು. ಅಂಗೈಯಲ್ಲಿ ಗುಳ್ಳೆ ಎದ್ದವು. ಪೇಪರ್ ಮಡಿಕೆ ಬಿಚ್ಚದೆ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು.

ವಾರ ತುಂಬಿರಲಿಲ್ಲ. ಒಂದು ಮುಂಜಾನೆ ಸಕ್ರಪ್ಪ ಬೀಸುವುದನ್ನು ನಿಲ್ಲಿಸಿ ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ, "ಹೆಸರಿನ್ಯಾಗ ಏನೈತಿ? ಇಂದಲ್ಲ ನಾಳೆ ಬರತೈತಿ. ನೆಲ ಒಂದಾತಲ್ಲ, ಅದ ದೊಡ್ಡದು!" ಎಂದು ಸಾರಿದ. ಎತ್ತು ಬಿಚ್ಚಿ, ಕುಂಟೆ ಹೆಗಲಿಗೇರಿಸಿ, ಎಡೆ ಹೊಡೆಯಲು ಹೊಲಕ್ಕೆ ನಡೆದ. ಅವನ ನಡಿಗೆ ನೋಡಿದರೆ ಕರ್ನಾಟಕ ಒಂದಾದದ್ದು ಅವತ್ತೇ ಅನ್ನಬೇಕು.

ಸಂಜೆ ಮೈತುಂಬ ಎರೆಮಣ್ಣಿನ ಧೂಳಿನಲ್ಲಿ ಬಂದವನು ಕೈಕಾಲು ತೊಳೆದು, ಮೀಸೆ ತಿರುವಿ, ಕತ್ತಿ ಹಿಡಿದುಕೊಂಡು ಹಿತ್ತಲಿಗೆ ಹೋದ. ನಾನು ಸಂಡಿಗೆಗೆ ಕೈಜೋಡಿಸಲು ಅಲ್ಲೇ ಕೂತಿದ್ದೆ. "ಎಲ್ಲೈತಿ ಕುಂಬಳ? ತಾ ಇಲ್ಲಿ, ನಾ ಒಡೀತೀನಿ" ಎಂದ.

ಅಮೃತವ್ವನ ಮುಂದೆ ಆಗಲೇ ಎರಡು ಹೋಳು ಇದ್ದವು. ಅವಳು ತಲೆ ಎತ್ತಿ ನೋಡಿದಳು. ಧೂಳು ಹಿಡಿದ ಗಂಡನನ್ನು ಕಂಡು ಅವಳ ಮುಖ ಅರಳಿದ್ದು ಖರೆ. ಆದರೂ ಹೋಳು ಬಿಟ್ಟುಕೊಡಲಿಲ್ಲ.

"ಅದು ಇನ್ನ ನನ್ನ ಕೆಲಸಾರಿ" ಅಂದಳು. "ನೀವು ತುರೀರಿ."

ಸಕ್ರಪ್ಪ ಕತ್ತಿ ಕೆಳಗಿಟ್ಟು ತುರಿಯಲು ಕೂತ. ಒಮ್ಮೆ ಬೆರಳು ಗೀಚಿಕೊಂಡ. ಅವಳು ಎದ್ದು ಅರಿಷಿಣ ತಂದು ಹಚ್ಚಿದಳು, ಹರಿತದ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾನು ಕೈ ತೊಳೆದುಕೊಂಡು ಮನೆಗೆ ಬಂದೆ. ನಮ್ಮ ಅಟ್ಟದ ಮೇಲೂ ಒಂದು ಕುಂಬಳ ಇತ್ತು. ಇಳಿಸಿ, ಕುಂಕುಮ ಹಚ್ಚಿ, ಒಂದೇ ಏಟಿಗೆ ಒಡೆದೆ. ನಮ್ಮ ಮನೆಯವರು ಗಟ್ಟಿಮುಟ್ಟಾಗಿ ಒಳಗೇ ಇದ್ದರು, ಗೊರಕೆ ಹೊಡೆಯುತ್ತಿದ್ದರು.